ಸೇರಿಸಲು ಯಂತ್ರ ಇರಲಿ, ತೆಗೆಯಲು ಮನುಷ್ಯರೇ ಬರಲಿ

ತುಮಕೂರಿನ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರ ಪತ್ರದ ಮುಖ್ಯ ಭಾಗ ಇದು:

"ನಮ್ಮ ತಂದೆ ತೀರಿಕೊಂಡು ಆರು ವರ್ಷವಾಯಿತು. ಅವರ ಹೆಸರು ಇನ್ನೂ ಮತದಾರರ ಪಟ್ಟಿಯಲ್ಲಿದೆ. ನನ್ನ ಮಗನ ಹೆಸರು ಇಲ್ಲೂ ಇದೆ, ಬೆಂಗಳೂರಿನಲ್ಲೂ ಇದೆ. ಅಮೆರಿಕದಲ್ಲಿ 2002ರಲ್ಲೇ ಪ್ರತಿ ರಾಜ್ಯಕ್ಕೂ ಒಂದೇ ಕಂಪ್ಯೂಟರ್ ಪಟ್ಟಿ ಇರಬೇಕೆಂದು ಕಾನೂನು ಮಾಡಿದರು. ನಮ್ಮಲ್ಲಿ ಮಾತ್ರ ಅಂಗನವಾಡಿ ಟೀಚರ್ ಚೀಲ ಹಿಡಿದು ಮನೆ ಮನೆ ಅಲೆಯಬೇಕೇ? ಇಡೀ ರಾಜ್ಯಕ್ಕೆ ಒಂದೇ ವ್ಯವಸ್ಥೆ ಮಾಡಿ, ಆಧಾರ್ ಜೋಡಿಸಿ, ಸತ್ತವರ ಹೆಸರನ್ನೂ ಎರಡೆರಡು ಕಡೆ ಇರುವವರ ಹೆಸರನ್ನೂ ಕಂಪ್ಯೂಟರೇ ತೆಗೆದುಹಾಕಲಿ. ಬ್ಯಾಂಕಿನಲ್ಲಿ ಆದದ್ದು ಇಲ್ಲಿ ಯಾಕೆ ಆಗಬಾರದು?"

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಇಷ್ಟು ಕಾಳಜಿಯಿಂದ ಮತದಾರರ ಪಟ್ಟಿಯ ಬಗ್ಗೆ ಬರೆಯುವವರು ಕಡಿಮೆ. ಚುನಾವಣೆ ಅಂದರೆ ಜನಕ್ಕೆ ಅಭ್ಯರ್ಥಿ, ಪ್ರಚಾರ, ಫಲಿತಾಂಶ. ಪಟ್ಟಿ ನೆನಪಾಗುವುದು ಮತಗಟ್ಟೆಯಲ್ಲಿ ಹೆಸರು ಸಿಗದೆ ಇದ್ದಾಗ ಮಾತ್ರ.

ನೀವು ಹೇಳಿದ್ದರಲ್ಲಿ ನಿಜ ಇದೆ, ಒಪ್ಪುತ್ತೇನೆ. ಕರ್ನಾಟಕದಲ್ಲಿ 224 ಕ್ಷೇತ್ರ, 5 ಕೋಟಿಗೂ ಜಾಸ್ತಿ ಮತದಾರರು. ಇಷ್ಟು ಜನರ ಪಟ್ಟಿಯನ್ನು ಕೈಬರಹದಲ್ಲಿ ಇಡಲು ಆಗುವುದಿಲ್ಲ. ಅದಕ್ಕೇ ಚುನಾವಣಾ ಆಯೋಗ 1998ರಲ್ಲಿ ದೇಶದ 62 ಕೋಟಿ ಮತದಾರರ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಲು ತೀರ್ಮಾನಿಸಿತು. ಆದರೂ ಬಹಳ ವರ್ಷ ಒಂದೊಂದು ರಾಜ್ಯದ್ದು ಒಂದೊಂದು ದಾರಿಯಾಗಿತ್ತು. ಬೇರೆ ಬೇರೆ ರಾಜ್ಯದ ಇಬ್ಬರಿಗೆ ಒಂದೇ ಎಪಿಕ್ (ವೋಟರ್ ಕಾರ್ಡ್) ನಂಬರ್ ಇದೆ ಎಂದು 2025ರಲ್ಲಿ ಗಲಾಟೆ ಆಯಿತಲ್ಲ, ಅದರ ಮೂಲ ಇದೇ. ಎಲ್ಲ ರಾಜ್ಯಗಳೂ ಇಆರ್‌ಒ ನೆಟ್ ಎಂಬ ಒಂದೇ ವ್ಯವಸ್ಥೆಗೆ ಬರುವ ಮೊದಲು ಕೆಲವು ಕಡೆ ಒಂದೇ ಅಕ್ಷರ ಸರಣಿ ಬಳಸಿದ್ದರು ಎಂದು ಆಯೋಗವೇ ಹೇಳಿತು. ಪಟ್ಟಿ ಒಂದೇ ಕಡೆ ಇರಬೇಕು ಎಂಬ ನಿಮ್ಮ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಡ.

ಆದರೆ "ಕಂಪ್ಯೂಟರೇ ತೆಗೆದುಹಾಕಲಿ" ಅಂದಿರಲ್ಲ, ಆ ಮಾತು ನನ್ನನ್ನು ತಡೆದು ನಿಲ್ಲಿಸಿತು.

ನೀವು ಬ್ಯಾಂಕಿನವರು. ನಿಮ್ಮ ಉದಾಹರಣೆಯನ್ನೇ ತಗೊಳ್ಳೋಣ. ಖಾತೆಯಿಂದ ಹತ್ತು ರೂಪಾಯಿ ಹೋದರೆ ಗ್ರಾಹಕರ ಮೊಬೈಲ್ ಸದ್ದು ಮಾಡುತ್ತದೆ. ಮರುದಿನ ಬೆಳಿಗ್ಗೆ ಅವರು ನಿಮ್ಮ ಕೌಂಟರ್ ಮುಂದೆ ಇರುತ್ತಾರೆ. ತಪ್ಪು ಬೇಗ ಸಿಕ್ಕಿಬೀಳುತ್ತದೆ, ಯಾಕೆಂದರೆ ಆ ಖಾತೆಯನ್ನು ದಿನಾ ನೋಡುವವರಿದ್ದಾರೆ. ಮತದಾರರ ಪಟ್ಟಿಯಲ್ಲಿ ತನ್ನ ಹೆಸರಿದೆಯಾ ಎಂದು ದಿನಾ ನೋಡುವವರು ಯಾರು? ಐದು ವರ್ಷಕ್ಕೊಮ್ಮೆ, ಸರದಿಯಲ್ಲಿ ನಿಂತಾಗ ನೋಡುತ್ತಾರೆ. ಆ ಹೊತ್ತಿಗೆ ಕಾಲ ಮಿಂಚಿರುತ್ತದೆ. ನಾಮಪತ್ರ ಸಲ್ಲಿಸುವ ಕೊನೆಯ ದಿನ ದಾಟಿದರೆ ಆ ಚುನಾವಣೆಗೆ ಒಂದು ಹೆಸರನ್ನೂ ಸೇರಿಸುವಂತಿಲ್ಲ. ಬ್ಯಾಂಕಿನ ತಪ್ಪಿಗೆ ಬಡ್ಡಿ ಸಮೇತ ಹಣ ವಾಪಸ್ ಕೊಡಬಹುದು. ಮುಗಿದುಹೋದ ಮತದಾನವನ್ನು ವಾಪಸ್ ಕೊಡುವುದು ಹೇಗೆ?

ಅಮೆರಿಕದ ಕಾನೂನನ್ನು ನೀವು ಹೇಳಿದಿರಿ. ಅದು ಯಾಕೆ ಬಂತು ಎಂಬುದನ್ನೂ ಹೇಳಬೇಕಿತ್ತು. 2000ದ ಅಧ್ಯಕ್ಷ ಚುನಾವಣೆ ಫ್ಲಾರಿಡಾ ರಾಜ್ಯದಲ್ಲಿ ಬರೀ 537 ಮತಗಳ ಅಂತರದಲ್ಲಿ ತೀರ್ಮಾನವಾಯಿತು. ಅಲ್ಲಿ ಗಂಭೀರ ಅಪರಾಧದಲ್ಲಿ ಶಿಕ್ಷೆಯಾದವರಿಗೆ ಆಗ ಮತದ ಹಕ್ಕು ಇರಲಿಲ್ಲ. ಅಂಥವರ ಹೆಸರು ಹುಡುಕಿ ಕೊಡುವ ಕೆಲಸವನ್ನು ಖಾಸಗಿ ಕಂಪನಿಯೊಂದಕ್ಕೆ ವಹಿಸಿದ್ದರು. ಹೆಸರು ಪೂರ್ತಿ ಹೊಂದದಿದ್ದರೂ ಪರವಾಗಿಲ್ಲ, ಸುಮಾರಾಗಿ ಹೊಂದಿದರೆ ಸಾಕು ಎಂಬ ಲೆಕ್ಕದಲ್ಲಿ ಕಂಪ್ಯೂಟರ್ ಪಟ್ಟಿ ಮಾಡಿತು. ಯಾವ ತಪ್ಪೂ ಮಾಡದವರ ಹೆಸರು ಅಪರಾಧಿಗಳ ಪಟ್ಟಿಯಲ್ಲಿ ಬಂತು. ಆ ಚುನಾವಣೆಯ ಅಷ್ಟೂ ಗೊಂದಲ ನೋಡಿದ ಮೇಲೆ 2002ರ ಕಾನೂನು ಬಂತು. ಅದು ಪಟ್ಟಿ ರಾಜ್ಯಕ್ಕೆ ಒಂದೇ ಇರಲಿ ಅಂದಿತು, ಹೆಸರನ್ನು ಯಂತ್ರದ ಕೈಗೆ ಒಪ್ಪಿಸಿ ಅನ್ನಲಿಲ್ಲ. ಮನೆ ಬದಲಾಯಿಸಿದ್ದಾರೆ ಎಂಬ ಅನುಮಾನದ ಮೇಲೆ ಒಬ್ಬರ ಹೆಸರು ತೆಗೆಯಬೇಕಾದರೆ ಮೊದಲು ನೋಟಿಸ್ ಕಳಿಸಬೇಕು, ಉತ್ತರ ಬಾರದಿದ್ದರೆ ಎರಡು ರಾಷ್ಟ್ರಮಟ್ಟದ ಚುನಾವಣೆ ಕಳೆಯುವ ತನಕ ಕಾಯಬೇಕು. ಇದು ಅಲ್ಲಿಯ 1993ರ ಕಾನೂನು. ಹೊಸ ಕಾನೂನು ಬಂದ ಮೇಲೂ ಅದು ಹಾಗೇ ಉಳಿಯಿತು.

ಅಲ್ಲಿ ಎಲ್ಲರಿಗೂ ಮನೆತನದ ಹೆಸರಾದರೂ ಇದೆ. ನಮ್ಮಲ್ಲಿ? ಹಳೇ ಮೈಸೂರಿನ ಕಡೆ ಯಾವುದೇ ಊರಿನ ಪಟ್ಟಿ ತೆಗೆಯಿರಿ. ಒಂದೇ ಮತಗಟ್ಟೆಯಲ್ಲಿ ಎಷ್ಟು ಲಕ್ಷ್ಮಮ್ಮ, ಎಷ್ಟು ನಂಜಪ್ಪ! ಮಂಜುನಾಥ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಕೊನೆಗೊಂದು ‘ಎ’ ಹಾಕಿಯೂ ಬರೆಯುತ್ತಾರೆ, ಹಾಕದೆಯೂ ಬರೆಯುತ್ತಾರೆ. ಇನಿಶಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ. ಹುಟ್ಟಿದ ದಿನ ಗೊತ್ತಿಲ್ಲದ ಹಿರಿಯರಿಗೆಲ್ಲ ಜನವರಿ 1 ಎಂದು ಬರೆದುಬಿಟ್ಟಿದ್ದಾರೆ. ಹೀಗಾಗಿ ಇಬ್ಬರು ಬೇರೆ ಬೇರೆ ಲಕ್ಷ್ಮಮ್ಮಂದಿರು ಕಂಪ್ಯೂಟರಿಗೆ ಒಬ್ಬರಾಗಿ ಕಾಣುತ್ತಾರೆ. ಒಬ್ಬನೇ ಮಂಜುನಾಥ ಇಬ್ಬರಾಗಿ ಕಾಣುತ್ತಾನೆ. ಇದನ್ನು ಬಿಡಿಸಬಲ್ಲವರು ಅದೇ ಬೀದಿಯವರು ಮಾತ್ರ.

ಎರಡು ವರ್ಷದ ಹಿಂದೆ ನಮ್ಮ ಬಡಾವಣೆಯ ಮತಗಟ್ಟೆ ಮಟ್ಟದ ಅಧಿಕಾರಿ, ಅಂದರೆ ಬಿಎಲ್‌ಒ ಜೊತೆ ಒಂದು ಭಾನುವಾರ ನಾನೂ ಓಡಾಡಿದೆ. ನೀವು ಹೇಳಿದ ಹಾಗೆ ಅವರು ಅಂಗನವಾಡಿ ಕಾರ್ಯಕರ್ತೆಯೇ. ಚೀಲದಲ್ಲಿ ಪಟ್ಟಿಯ ಪ್ರಿಂಟು, ಅದರ ಅಂಚಿನಲ್ಲಿ ಪೆನ್ಸಿಲ್ ಗುರುತು. ಒಂದು ಮನೆ ಮುಂದೆ ನಿಂತರು. ಆ ಮನೆಯ ಅಜ್ಜಿಯ ಹೆಸರಿಗೆ ತಾಲ್ಲೂಕು ಕಚೇರಿಯಿಂದ ‘ಡಬಲ್ ಎಂಟ್ರಿ ಇರಬಹುದು, ಪರಿಶೀಲಿಸಿ’ ಎಂದು ಬಂದಿತ್ತು. ಪಟ್ಟಿಯಲ್ಲಿದ್ದದ್ದು ಮದುವೆಯಾದ ಮೇಲೆ ಗಂಡನ ಮನೆಯಲ್ಲಿ ಇಟ್ಟ ಹೆಸರು. ಆಧಾರ್‌ನಲ್ಲಿದ್ದದ್ದು ತವರಿನ ಹೆಸರು. ಆ ಇನ್ನೊಂದು ಎಂಟ್ರಿ ಪಕ್ಕದ ಬೀದಿಯ ಬೇರೆ ಯಾರದೋ. ಬಿಎಲ್‌ಒ ಒಳಗೆ ಹೋಗಿ ಚಾಪೆ ಮೇಲೆ ಕೂತರು. ಅಜ್ಜಿ ಟ್ರಂಕಿನಿಂದ ಪ್ಲಾಸ್ಟಿಕ್ ಕವರ್ ತೆಗೆದು, ಅದರೊಳಗಿಂದ ಇನ್ನೊಂದು ಕವರ್ ತೆಗೆದು, ಹಳೆಯ ವೋಟರ್ ಕಾರ್ಡ್ ತೋರಿಸಿದರು. ಫೋಟೊ ಅರ್ಧ ಅಳಿಸಿಹೋಗಿತ್ತು. ಬಿಎಲ್‌ಒ ಆ ಕಾರ್ಡನ್ನು ಬೆಳಕಿಗೆ ಹಿಡಿದು ನಂಬರನ್ನು ಬೆರಳಿಟ್ಟು ಓದಿಕೊಂಡರು. ಆಮೇಲೆ ಪಟ್ಟಿಯ ಅಂಚಿನಲ್ಲಿ ‘ಇದ್ದಾರೆ’ ಎಂದು ಬರೆದರು.

ಇಡೀ ಕೆಲಸಕ್ಕೆ ಹದಿನೈದು ನಿಮಿಷ ಹಿಡಿಯಿತು. ಒಬ್ಬರು ಬದುಕಿದ್ದಾರೆ, ಇಲ್ಲೇ ಇದ್ದಾರೆ ಎಂದು ಖಚಿತಪಡಿಸಲು ಅಷ್ಟು ಹೊತ್ತಾದರೂ ಬೇಕು.

ಮುಂದಿನ ಓಣಿಯಲ್ಲಿ ಒಂದು ಮನೆಗೆ ಬೀಗ. ಕಂಪ್ಯೂಟರಾದರೆ ಅಲ್ಲಿಗೇ ‘ಸ್ಥಳಾಂತರ’ ಅಂದುಬಿಡುತ್ತಿತ್ತೋ ಏನೋ. ಇವರು ಎದುರು ಮನೆಯವರನ್ನು ಕೇಳಿದರು. "ಮಗಳ ಬಾಣಂತನಕ್ಕೆ ಹೋಗಿದ್ದಾರೆ, ಬರ್ತಾರೆ" ಅಂದರು. ಪೆನ್ಸಿಲ್ ಮತ್ತೆ ‘ಇದ್ದಾರೆ’ ಎಂದು ಬರೆಯಿತು. ಇಂಥ ಕೆಲಸಕ್ಕೆ ನಾವು ಕೊಡುವುದೆಷ್ಟು ಗೊತ್ತೇ? 2015ರಿಂದ ಬಿಎಲ್‌ಒಗಳ ಕನಿಷ್ಠ ಗೌರವಧನ ವರ್ಷಕ್ಕೆ 6,000 ರೂಪಾಯಿ ಇತ್ತು. 2025ರಲ್ಲಿ ಆಯೋಗ ಅದನ್ನು 12,000ಕ್ಕೆ ಏರಿಸಿತು. ಅಂದರೆ ತಿಂಗಳಿಗೆ 1,000. ತಮ್ಮ ಮೂಲ ಕೆಲಸದ ಜೊತೆಗೆ ಇದನ್ನೂ ಮಾಡುವ ಹೆಣ್ಣುಮಕ್ಕಳ ಬಗ್ಗೆ "ಚೀಲ ಹಿಡಿದು ಅಲೆಯಬೇಕೇ" ಅಂತ ಸುಮ್ನೆ ಬರೆಯಬೇಡಿ. ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಈ ಮಾತು ಹೇಳುತ್ತಿದ್ದೇನೆ.

ಕಲಬುರಗಿ ಜಿಲ್ಲೆಯ ಆಳಂದದ ವಿಷಯ ನಿಮಗೆ ನೆನಪಿರಬೇಕು. 2023ರ ವಿಧಾನಸಭಾ ಚುನಾವಣೆಗೆ ಮೊದಲು ಅಲ್ಲಿ ಹೆಸರು ತೆಗೆಯಲು ಆನ್‌ಲೈನ್‌ನಲ್ಲಿ 6,018 ಅರ್ಜಿ ಬಂದವು. ಎಲ್ಲವೂ ನಮೂನೆ 7. ಒಬ್ಬ ಬಿಎಲ್‌ಒ ತಮ್ಮ ಹತ್ತಿರದ ಸಂಬಂಧಿಯ ಹೆಸರಿಗೇ ಇಂಥ ಅರ್ಜಿ ಬಂದದ್ದನ್ನು ನೋಡಿ ಬೆಚ್ಚಿದರು. ಅರ್ಜಿ ಹಾಕಿದವರು ಎಂದು ತೋರಿಸಿದ್ದವರನ್ನು ಕೇಳಿದರೆ, "ನಾವು ಹಾಕೇ ಇಲ್ಲ" ಅಂದರು. ಆಮೇಲೆ ಸ್ಥಳಕ್ಕೆ ಹೋಗಿ ಪರಿಶೀಲಿಸಿದಾಗ ಸರಿಯಾಗಿದ್ದದ್ದು ಬರೀ 24. ಉಳಿದ 5,994 ತಿರಸ್ಕಾರವಾದವು, ಪೊಲೀಸ್ ದೂರೂ ದಾಖಲಾಯಿತು. ಆ 6,018ನ್ನೂ ಕಂಪ್ಯೂಟರ್ ತೊಂದರೆಯಿಲ್ಲದೆ ಸ್ವೀಕರಿಸಿತ್ತು. ಓಟಿಪಿ ಸರಿ, ನಮೂನೆ ಸರಿ, ನಂಬರ್ ಸರಿ. ತಡೆದದ್ದು ಊರಿನ ಜನರನ್ನು ಮುಖ ನೋಡಿ ಬಲ್ಲವರು. ಅವತ್ತು ನೀವು ಹೇಳುವ ವ್ಯವಸ್ಥೆ ಇದ್ದಿದ್ದರೆ ಏನಾಗುತ್ತಿತ್ತು, ನೀವೇ ಯೋಚಿಸಿ.

ಆಧಾರ್ ಜೋಡಿಸಿದರೆ ಎಲ್ಲ ಸರಿಯಾಗುತ್ತದೆ ಅನ್ನುತ್ತೀರಿ. ಅದನ್ನೂ ಒಮ್ಮೆ ಮಾಡಿ ನೋಡಿಯಾಗಿದೆ. 2015ರಲ್ಲಿ ಆಯೋಗ ಆ ಕೆಲಸ ಶುರು ಮಾಡಿತು. ಆ ವರ್ಷ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ಆದೇಶ ಬಂದ ಮೇಲೆ ನಿಲ್ಲಿಸಬೇಕಾಯಿತು. 2018ರ ಡಿಸೆಂಬರ್‌ನಲ್ಲಿ ಆ ಜೋಡಣೆ ನಡೆದಿದ್ದ ತೆಲಂಗಾಣದಲ್ಲಿ ಮತದಾನ ನಡೆದಾಗ ಹೆಸರು ಕಾಣೆಯಾಗಿದೆ ಎಂದು ಎಷ್ಟು ಜನ ದೂರಿದರು ಅಂದರೆ, ಅಲ್ಲಿನ ಮುಖ್ಯ ಚುನಾವಣಾಧಿಕಾರಿ ಕ್ಷಮೆ ಕೇಳಬೇಕಾಯಿತು. 2021ರ ಚುನಾವಣಾ ಕಾನೂನು ತಿದ್ದುಪಡಿ ಕಾಯ್ದೆ ಆಧಾರ್‌ಗೆ ಅವಕಾಶ ಕೊಟ್ಟಿತು ನಿಜ. ಆದರೆ ಸರಿಯಾದ ಕಾರಣದಿಂದ ಆಧಾರ್ ಕೊಡಲಾಗದವರ ಹೆಸರನ್ನು ತೆಗೆಯುವಂತಿಲ್ಲ ಎಂದೂ ಅದರಲ್ಲೇ ಬರೆದಿದೆ.

ಇನ್ನು ನಿಮ್ಮ ತಂದೆಯವರ ಹೆಸರು. ಅದು ಪಟ್ಟಿಯಲ್ಲಿ ಉಳಿದದ್ದು ತಪ್ಪು. ಆದರೆ ಆ ಹೆಸರಿನಲ್ಲಿ ಯಾರಾದರೂ ಬಂದು ಮತ ಹಾಕಿದರೆ ತಾನೇ ಅನ್ಯಾಯ? ಅದನ್ನು ತಡೆಯಲು ಮತಗಟ್ಟೆಯಲ್ಲಿ ಫೋಟೊ ಇರುವ ಪಟ್ಟಿ ಇದೆ, ಪಕ್ಷಗಳ ಏಜೆಂಟರು ಕೂತಿರುತ್ತಾರೆ, ಬೆರಳಿಗೆ ಶಾಯಿ ಇದೆ. ನಮ್ಮ ಮೈಸೂರಿನ ಬಣ್ಣದ ಕಾರ್ಖಾನೆಯಲ್ಲಿ ತಯಾರಾಗುವ ಶಾಯಿ, 1962ರ ಚುನಾವಣೆಯಿಂದ ದೇಶದ ಬೆರಳಿಗೆಲ್ಲ ಅದೇ. ಇರಬಾರದ ಒಂದು ಹೆಸರು ಪಟ್ಟಿಯಲ್ಲಿ ಉಳಿದರೆ ಅದನ್ನು ಹಿಡಿಯಲು ಇನ್ನೂ ಮೂರು ಬಾಗಿಲಿವೆ. ಇರಬೇಕಾದ ಒಂದು ಹೆಸರು ಹೋದರೆ ಮುಂದೆ ಬಾಗಿಲೇ ಇಲ್ಲ. ಎರಡನ್ನೂ ಒಂದೇ ತೂಕದ ತಪ್ಪು ಅನ್ನಲು ನನ್ನಿಂದ ಆಗದು.

ಮೊದಲ ಮಹಾ ಚುನಾವಣೆಯ ಪಟ್ಟಿ ಮಾಡುವಾಗ ಏನಾಯಿತು ನೋಡಿ. ಉತ್ತರದ ಕೆಲವು ರಾಜ್ಯಗಳಲ್ಲಿ ಹೆಂಗಸರು ಹೊರಗಿನವರಿಗೆ ತಮ್ಮ ಹೆಸರು ಹೇಳಲಿಲ್ಲ. ‘ಇಂಥವರ ಹೆಂಡತಿ’, ‘ಇಂಥವರ ಮಗಳು’ ಎಂದಷ್ಟೇ ಬರೆಸಿದರು. ಹೆಸರಿಲ್ಲದ ಮತದಾರರು ಇರಬಾರದು ಎಂದು ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಹಟ ಹಿಡಿದರು. ಸರಿಯಾದ ಹೆಸರು ಕೊಡಿ ಎಂದು ಸಮಯ ಕೊಟ್ಟರು. ಆದರೂ ಸುಮಾರು 28 ಲಕ್ಷ ಮಹಿಳೆಯರನ್ನು ಪಟ್ಟಿಯಿಂದ ಬಿಡಬೇಕಾಯಿತು. ಸೇನ್ ಅವರದು ಸರಿಯಾದ ನಿಲುವೇ. ಮುಂದಿನ ಚುನಾವಣೆಗಳಲ್ಲಿ ಹೆಣ್ಣುಮಕ್ಕಳ ಹೆಸರು ಹೆಸರಾಗಿಯೇ ಪಟ್ಟಿಗೆ ಬಂತು. ಆದರೆ ಆ ಸಂಖ್ಯೆ ಓದಿದಾಗಲೆಲ್ಲ ನನಗೆ ಹೊಟ್ಟೆ ಚುರ್ ಅನ್ನುತ್ತದೆ. ನಿಯಮ ಸರಿಯಿದ್ದೂ 28 ಲಕ್ಷ ಜನ ಹೊರಗುಳಿದರು. ಪಟ್ಟಿಗೆ ಹೊಂದದವರು ಯಾವಾಗಲೂ ಬಡವರು, ಹೆಂಗಸರು, ಗುಳೇ ಹೋದವರು. ನಿಮ್ಮ, ನನ್ನ ಹೆಸರು ಎಲ್ಲ ಪಟ್ಟಿಯಲ್ಲೂ ಚೆನ್ನಾಗಿಯೇ ಹೊಂದುತ್ತದೆ.

ಇದು ಬರೀ ಚುನಾವಣೆಯ ಮಾತಲ್ಲ. ನಮ್ಮ ರಾಜ್ಯದಲ್ಲಿ 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಬಂತು. ಸುಮಾರು 2 ಕೋಟಿ ಪಹಣಿ ಕಂಪ್ಯೂಟರಿಗೆ ಹೋಯಿತು. ಗ್ರಾಮ ಲೆಕ್ಕಿಗರ ಮನೆ ಬಾಗಿಲು ಕಾಯುವುದು ತಪ್ಪಿತು, ಅದು ದೊಡ್ಡ ಉಪಕಾರ. ಆದರೆ ಹಳೆಯ ಪುಸ್ತಕದಲ್ಲಿದ್ದ ತಪ್ಪೂ ಕಂಪ್ಯೂಟರಿಗೆ ಹೋಯಿತು. ನಮ್ಮ ಚಿಕ್ಕಪ್ಪನ ಹೆಸರಿನ ಒಂದು ಅಕ್ಷರ ತಪ್ಪಾಗಿತ್ತು. ಪಹಣಿ ತಿದ್ದುಪಡಿಗೆ ಅವರು ಎರಡು ವರ್ಷ ಓಡಾಡಿದರು. ಪ್ರತಿ ಸಲ ಒಂದೇ ಉತ್ತರ: "ಸಿಸ್ಟಮ್ ತಗೊಳ್ತಿಲ್ಲ." ಪಿಂಚಣಿಗೂ ಅದೇ ಮಾತು. ರೇಷನ್ ಅಂಗಡಿಯಲ್ಲಿ ಗೇಯ್ದು ಸವೆದ ಹೆಬ್ಬೆರಳು ಒತ್ತಿದರೂ ಅದೇ ಮಾತು. ಮೊದಲು ಗುಮಾಸ್ತರ ಜೊತೆ ಜಗಳವಾದರೂ ಆಡಬಹುದಿತ್ತು. ಈಗ ಗುಮಾಸ್ತರು ಪರದೆ ಕಡೆ ಕೈ ತೋರಿಸುತ್ತಾರೆ. ತಪ್ಪು ಮಾಡಿದವರು ಯಾರೂ ಇಲ್ಲ. ನನ್ನ ಸಿಟ್ಟು ಇರುವುದು ಇದರ ಮೇಲೆ.

ಹಾಗಾದರೆ ಕಂಪ್ಯೂಟರ್ ಏನು ಮಾಡಬೇಕು? ಅನುಮಾನ ತೋರಿಸಲಿ. ಈ ಎರಡು ಹೆಸರು ಒಂದೇ ಇರಬಹುದು, ನೋಡಿ ಎನ್ನಲಿ. ಆಮೇಲೆ ಬಿಎಲ್‌ಒ ಹೋಗಿ ನೋಡಲಿ, ಆ ಮನೆಯವರಿಗೆ ನೋಟಿಸ್ ಸಿಗಲಿ. ಯಾರ ಹೆಸರು, ಯಾವ ಕಾರಣಕ್ಕೆ ಹೋಗುತ್ತಿದೆ ಎಂಬ ಪಟ್ಟಿಯನ್ನು ಪಂಚಾಯಿತಿ ಗೋಡೆಗೆ ಅಂಟಿಸಲಿ. 2025ರಲ್ಲಿ ಬಿಹಾರದ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಹೊರಗುಳಿದಾಗ ಸುಪ್ರೀಂ ಕೋರ್ಟ್ ಹೇಳಿದ್ದೂ ಇದನ್ನೇ: ಹೆಸರು ಪ್ರಕಟಿಸಿ, ಕಾರಣವನ್ನೂ ಬರೆಯಿರಿ.

ಕೊನೆಗೆ ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಆರು ವರ್ಷದಲ್ಲಿ ತಂದೆಯವರ ಹೆಸರಿಗೆ ನೀವು ನಮೂನೆ 7 ಕೊಟ್ಟಿದ್ದೀರಾ? ನಾಲ್ಕು ಪುಟದಲ್ಲಿ ಅದರ ಮಾತೇ ಇಲ್ಲ. ಮರಣ ಪ್ರಮಾಣಪತ್ರದ ನಕಲು ಇಟ್ಟು ಬಿಎಲ್‌ಒ ಕೈಗೆ ಕೊಟ್ಟರೆ ಆಯಿತು. ನಿಮ್ಮ ಮಗ ಬೆಂಗಳೂರಿಗೆ ಹೋದಾಗ ಹೊಸದಾಗಿ ನಮೂನೆ 6 ತುಂಬುವ ಬದಲು ಸ್ಥಳಾಂತರಕ್ಕೆ ನಮೂನೆ 8 ಕೊಟ್ಟಿದ್ದರೆ ಎರಡು ಹೆಸರು ಆಗುತ್ತಲೇ ಇರಲಿಲ್ಲ. ಎರಡು ಕ್ಷೇತ್ರದಲ್ಲಿ ಹೆಸರು ಇರುವಂತಿಲ್ಲ ಎಂದು 1950ರ ಜನಪ್ರಾತಿನಿಧ್ಯ ಕಾಯ್ದೆ ಹೇಳುತ್ತದೆ. ಅವರು ಈ ವಾರವೇ ಸರಿಪಡಿಸಿಕೊಳ್ಳಲಿ.

ನಿಮಗೆ ಸಮಯವಿದೆ, ಲೆಡ್ಜರ್ ನೋಡಿ ಪಳಗಿದ ಕಣ್ಣಿದೆ. ನಿಮ್ಮ ಮತಗಟ್ಟೆಯ ಭಾಗದ ಪಟ್ಟಿಯನ್ನು ಪ್ರಿಂಟ್ ತೆಗೆಸಿಕೊಳ್ಳಿ. ಒಂದು ಭಾನುವಾರ ನಿಮ್ಮ ಬಿಎಲ್‌ಒ ಜೊತೆ ನಿಮ್ಮದೇ ಬೀದಿಯಲ್ಲಿ ನಡೆಯಿರಿ. ಪ್ರತಿ ಮನೆ ಮುಂದೆ ನಿಂತು ಹೆಸರು ಓದಿ. ಎಷ್ಟು ಹೆಸರು ಜಾಸ್ತಿ ಇತ್ತು, ಎಷ್ಟು ಹೆಸರು ಬಿಟ್ಟುಹೋಗಿತ್ತು ಎಂದು ಮತ್ತೆ ಬರೆಯಿರಿ. ಎಂಟು ಪುಟವಾದರೂ ಸರಿ, ಪೂರ್ತಿ ಅಚ್ಚು ಹಾಕುತ್ತೇವೆ.