ಟಿಕ್ ಟಿಕ್ ಕಿವ್ಯಾಗ, ದೋಷ ಮೂಗಿನ್ಯಾಗ

ಎರಡು ತಿಂಗಳಿಂದ ಉಗುಳು ನುಂಗಿದಾಗಲೆಲ್ಲ ಬಲಗಿವಿಯಲ್ಲಿ 'ಟಿಕ್' ಅನ್ನುತ್ತದೆ, ಬಿಸಿ ಎಣ್ಣೆ ಬಿಟ್ಟರೂ ನಿಂತಿಲ್ಲ, ಇದು ನರದ ದೋಷವೇ, ಮುಂದೆ ಕಿವುಡಾಗುತ್ತದೆಯೇ ಎಂದು ಕೇಳಿದ್ದೀರಿ. ನಾನು ಡಾಕ್ಟರಲ್ಲ. ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್ಟಿನ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಆದರೆ ಇದೇ ಟಿಕ್ ಟಿಕ್ ಜೊತೆ ಒಂದು ಸುಗ್ಗಿ ಪೂರ್ತಿ ಸಂಸಾರ ಮಾಡಿದ್ದೇನೆ. ಮೊದಲು ಆ ಎಣ್ಣೆ ನಿಲ್ಲಿಸಿ. ಕಿವಿಯ ತಮಟೆಯಲ್ಲಿ ಸಣ್ಣ ತೂತಿದ್ದರೆ ಎಣ್ಣೆ ಒಳಗಿಳಿದು ಕಿವಿ ಸೋರಲು ಶುರುವಾಗಬಹುದು, ತೂತಿದೆಯೋ ಇಲ್ಲವೋ ಮನೆಯಲ್ಲಿ ಕೂತು ಗೊತ್ತಾಗುವುದಿಲ್ಲ.

ನನಗೆ ಶುರುವಾಗಿದ್ದು ಜನವರಿಯಲ್ಲಿ. ಆಗ ಸೋಮವಾರ, ಗುರುವಾರ ಬಂತೆಂದರೆ ಮಾರ್ಕೆಟ್ಟಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಚೀಲದ ಬಾಯಿ ಬಿಚ್ಚಿದರೆ ಸಾಕು, ಹೊರಗಿನಿಂದ ಬಂದವರು ಸೀನಿ ಸೀನಿ ಕಣ್ಣೀರು ಹಾಕುತ್ತಾರೆ. ನಮಗೆ ಘಾಟು ರೂಢಿಯಾಗಿದೆ ಅಂದುಕೊಂಡಿದ್ದೆ. ಹಗಲೆಲ್ಲ ಗದ್ದಲದಲ್ಲಿ ಏನೂ ಕೇಳುತ್ತಿರಲಿಲ್ಲ, ರಾತ್ರಿ ತಲೆದಿಂಬಿಗೆ ಕಿವಿ ಇಟ್ಟು ಒಂದು ಗುಟುಕು ನುಂಗಿದರೆ 'ಟಿಕ್'. ಕೇಳಬಾರದು ಅಂದುಕೊಂಡಷ್ಟೂ ಬಾಯಲ್ಲಿ ಉಗುಳು ಹೆಚ್ಚಾಗುತ್ತಿತ್ತು.

ಅವ್ವ "ಕಿವ್ಯಾಗ ಹುಳ ಹೊಕ್ಕೈತಿ ತಗೋ" ಎಂದು ಬೆಳ್ಳುಳ್ಳಿ ಕಾಸಿದ ಎಣ್ಣೆ ಬಿಟ್ಟಳು. ನಾನು ಕಡ್ಡಿಗೆ ಹತ್ತಿ ಸುತ್ತಿ ತಿರುವಿದೆ. ಆಮೇಲೆ ಒಂದು ಮೆಡಿಕಲ್ ಶಾಪಿನಲ್ಲಿ ಕೇಳಿ ಕಿವಿಗೆ ಡ್ರಾಪ್ಸ್ ತಂದೆ, ಜೊತೆಗೆ ಮೂಗು ಬಿಡಿಸುವ ಹನಿಯೂ ಕೊಟ್ಟರು. ಆ ಹನಿ ಹಾಕಿದ ತಕ್ಷಣ ಮೂಗು ತೆರೆಯುತ್ತದೆ, ಬಹಳ ಖುಷಿ. ಮೂರು ವಾರ ಹಾಕಿದೆ. ಅದನ್ನು ನಾಲ್ಕೈದು ದಿನಕ್ಕಿಂತ ಹೆಚ್ಚು ಹಾಕಿದರೆ ಮೂಗು ಮೊದಲಿಗಿಂತ ಜೋರಾಗಿ ಕಟ್ಟುತ್ತದೆಂದು ಆಗ ಯಾರೂ ಹೇಳಲಿಲ್ಲ.

ಕೊನೆಗೆ ಹುಬ್ಬಳ್ಳಿಗೆ ಹೋಗಿ ಇ.ಎನ್.ಟಿ. ಡಾಕ್ಟರಿಗೆ ತೋರಿಸಿದೆ. ಕಿವಿಯನ್ನು ಅರ್ಧ ನಿಮಿಷ ನೋಡಿದರು, ಮೂಗನ್ನು ಐದು ನಿಮಿಷ. "ಕಿವಿ ಸ್ವಚ್ಛ ಐತ್ರಿ. ಮೂಗಿನ್ಯಾಗ ನೋಡ್ರಿ, ಎಷ್ಟು ಬಾತೈತಿ" ಅಂದರು. ನನಗೆ ಸಿಟ್ಟೇ ಬಂತು, ಕಿವಿ ತೋರಿಸಲು ಬಂದವನಿಗೆ ಮೂಗಿನ ಮಾತೇಕೆ ಎಂದು.

ತಮಟೆಯ ಹಿಂದಿನ ಗಾಳಿಯ ಕೋಣೆಯಿಂದ ಮೂಗಿನ ಹಿಂಬದಿಗೆ ಸುಮಾರು 3.5 ಸೆಂ.ಮೀ. ಉದ್ದದ ಒಂದು ಕೊಳವೆ ಇದೆ, ಯುಸ್ಟೇಶಿಯನ್ ನಾಳ. ಸುಮ್ಮನಿದ್ದಾಗ ಅದು ಮುಚ್ಚಿರುತ್ತದೆ. ನುಂಗಿದಾಗ, ಆಕಳಿಸಿದಾಗ ಅಂಗುಳದ ಸ್ನಾಯು ಅದನ್ನು ಎಳೆದು ಒಂದು ಕ್ಷಣ ತೆರೆಯುತ್ತದೆ, ಒಳಗಿನ ಹೊರಗಿನ ಗಾಳಿಯ ಒತ್ತಡ ಸರಿಹೋಗುತ್ತದೆ. ನೆಗಡಿ, ಧೂಳು, ಅಲರ್ಜಿಯಿಂದ ಅದರ ಬಾಯಿ ಬಾತು ಅಂಟಂಟಾದರೆ ಸಲೀಸಾಗಿ ತೆರೆಯುವುದಿಲ್ಲ. ಅಂಟಿಕೊಂಡ ಕ್ಯಾರಿಬ್ಯಾಗಿನ ಬಾಯಿ ಬಿಡಿಸುವಾಗ 'ಟಪ್' ಅನ್ನುತ್ತದಲ್ಲ, ಹಾಗೆ. ಆಮೇಲೆ ಕಿವಿಗೆ ರಬ್ಬರ್ ತುದಿಯೊಂದನ್ನು ಇಟ್ಟು ಟಿಂಪನೋಮೆಟ್ರಿ, ಅಂದರೆ ತಮಟೆಯ ಹಿಂದಿನ ಗಾಳಿಯ ಒತ್ತಡ ನೋಡುವ ಪರೀಕ್ಷೆ, ಮಾಡಿದರು. ನೋವಿಲ್ಲ, ಕಿವಿ ಸ್ವಲ್ಪ ಬಿಗಿದ ಹಾಗಾಗುತ್ತದೆ ಅಷ್ಟೆ. ಕಾಗದದ ಮೇಲೆ ಗುಡ್ಡದಂಥ ಗೆರೆ ಬಂತು. ಗುಡ್ಡದ ತುದಿ ಸೊನ್ನೆಯ ಹತ್ತಿರ ಇರಬೇಕಂತೆ, ನನ್ನದು ಮೈನಸ್ ಕಡೆಗೆ ಜಾರಿ ಕೂತಿತ್ತು.

ನಿಮ್ಮದೂ ನುಂಗಿದಾಗ ಬರುವ ಶಬ್ದವಾದ್ದರಿಂದ ಇದೇ ಇರುವ ಸಾಧ್ಯತೆ ಹೆಚ್ಚು ಅನಿಸುತ್ತದೆ. ಆದರೆ ಎಲ್ಲ ಟಿಕ್ ಒಂದೇ ಅಲ್ಲ, ಯಾವಾಗ ಬರುತ್ತದೆ ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ಬೆರಳಿಗೇ 'ಲಟಕ್' ಎಂದು ತಾಗಿದರೆ ಅದು ದವಡೆಯ ಕೀಲು. ರಾತ್ರಿ ಹಲ್ಲು ಕಡಿಯುವವರಿಗೆ ಇದು ಸಾಮಾನ್ಯ, ಅವರು ಹೋಗಬೇಕಾದದ್ದು ಹಲ್ಲಿನ ಡಾಕ್ಟರ ಹತ್ತಿರ. ಕಟಿಂಗ್ ಮಾಡಿಸಿ ಬಂದ ಮೇಲೆ ಶುರುವಾಗಿದ್ದರೆ ತಮಟೆಗೆ ಒಂದು ಕೂದಲು ತಾಗಿರಬಹುದು, ಗುಗ್ಗೆಯೂ ಹೀಗೆ ಆಟ ಆಡಿಸುತ್ತದೆ. ನುಂಗದೆ, ಅಗಿಯದೆ ಸುಮ್ಮನೆ ಕೂತಾಗ ಪಟಪಟ ಅಂದು ನಿಲ್ಲುವುದು ಬೇರೆ. ಕಿವಿಯೊಳಗೆ ಸ್ಟೇಪಿಡಿಯಸ್ ಅಂತ ಸುಮಾರು 6 ಮಿ.ಮೀ. ಉದ್ದದ ಸ್ನಾಯು ಇದೆ, ಎಲುಬಿಗೆ ಅಂಟಿದ ಸ್ನಾಯುಗಳಲ್ಲೇ ಅತಿ ಚಿಕ್ಕದು. ನಮಗೆ ಕಣ್ಣು ಹಾರುತ್ತದಲ್ಲ, ಹಾಗೆಯೇ ಅದೂ, ಅದರ ಜೊತೆಗಿರುವ ಇನ್ನೊಂದು ಸ್ನಾಯುವೂ ಹಾರಬಹುದು. ನಿದ್ದೆಗೆಟ್ಟಾಗ, ತಲೆಬಿಸಿ ಇದ್ದಾಗ ಹೆಚ್ಚು. ಬಹಳ ಸಲ ತಾನೇ ನಿಲ್ಲುತ್ತದೆ, ನಿಲ್ಲದವರಿಗೆ ಸ್ನಾಯು ಸಡಿಲಿಸುವ ಮಾತ್ರೆ ಇವೆ, ತೀರಾ ಅಪರೂಪಕ್ಕೆ ಆಪರೇಷನ್. ಅಂಗುಳದ ಸ್ನಾಯು ಹೀಗೆ ಅದುರಿದರೆ ಪಕ್ಕದಲ್ಲಿ ಕೂತವರಿಗೂ ಟಿಕ್ ಕೇಳಿಸಬಹುದು, ಆಗ ನರರೋಗದ ಡಾಕ್ಟರಿಗೂ ತೋರಿಸಬೇಕು.

ನಾಡಿ ಹಿಡಿದುಕೊಂಡು ಕೇಳಿ ನೋಡಿ. ಶಬ್ದ ನಾಡಿಯ ಜೊತೆ ತಾಳ ಹಾಕುತ್ತಿದ್ದರೆ ಅದು ರಕ್ತನಾಳದ ವಿಷಯ, ಸ್ಕ್ಯಾನ್ ಬೇಕಾಗಬಹುದು, ಮುಂದೂಡಬೇಡಿ. ಒಂದು ಕಿವಿ ಇದ್ದಕ್ಕಿದ್ದಂತೆ ಮಂದವಾದರೆ, ತಲೆ ಗಿರ್ರೆಂದರೆ, ಮುಖ ಒಂದು ಕಡೆ ಜೋಲು ಬಿದ್ದರೆ ಅವತ್ತೇ ಬಸ್ ಹತ್ತಿ. ದಿಢೀರ್ ಕಿವುಡಿಗೆ ಔಷಧಿ ಎಷ್ಟು ಬೇಗ ಶುರುವಾದರೆ ಅಷ್ಟು ಉಳಿಯುತ್ತದೆ.

ನನಗೆ ಕೊಟ್ಟಿದ್ದು ಉಪ್ಪುನೀರಿನಿಂದ ಮೂಗು ತೊಳೆಯುವುದು, ಮತ್ತು ದಿನಕ್ಕೊಮ್ಮೆ ಸ್ಟೀರಾಯ್ಡ್ ಸ್ಪ್ರೇ. ನೀರು ಕುದಿಸಿ ಆರಿಸಿದ್ದೇ ಆಗಬೇಕು, ನಳದ ನೀರು ಬೇಡ. ಸ್ಪ್ರೇ ಹೊಡೆಯುವುದನ್ನು ಡಾಕ್ಟರು ಎದುರೇ ಮಾಡಿಸಿದರು: ತಲೆ ತುಸು ಬಗ್ಗಿಸಿ, ಬಲಗೈಯಿಂದ ಎಡಮೂಗಿಗೆ, ಎಡಗೈಯಿಂದ ಬಲಮೂಗಿಗೆ, ತುದಿ ನಡುಗೋಡೆಯ ಕಡೆಗಲ್ಲ, ಕಿವಿಯ ಕಡೆಗೆ. ಜೋರಾಗಿ ಎಳೆದುಕೊಳ್ಳಬಾರದು. ಗಂಟಲಲ್ಲಿ ರುಚಿ ಹತ್ತಿತೆಂದರೆ ಔಷಧಿ ಹೊಟ್ಟೆಗೆ ಹೋಯಿತು ಅಂತಲೇ ಲೆಕ್ಕ. ಮೊದಲ ವಾರ ಏನೂ ಆಗಲಿಲ್ಲ, ದುಡ್ಡು ದಂಡ ಅಂದುಕೊಂಡೆ. ಎರಡನೇ ವಾರದ ಕೊನೆಗೆ ಟಿಕ್ ಮೆತ್ತಗಾಯಿತು, ಆರನೇ ವಾರಕ್ಕೆ ಇಲ್ಲವಾಯಿತು. ಈಗ ಚೀಲ ಬಿಚ್ಚುವ ಕಡೆ ಮಾಸ್ಕ್ ಇಲ್ಲದೆ ಹೋಗುವುದಿಲ್ಲ, ಹಮಾಲರು ನಕ್ಕರೂ.

ಮೂಗು ಹಿಡಿದು ಕಿವಿಗೆ ಗಾಳಿ ತಳ್ಳುವ ಉಪಾಯ ಯಾರಾದರೂ ಹೇಳಿದರೆ ಮೆಲ್ಲಗೆ ಮಾಡಿ, ನೆಗಡಿ ಇದ್ದಾಗ ಬೇಡವೇ ಬೇಡ.

ನರದ ದೋಷ, ಕಿವುಡು ಎಂದು ಹೆದರುವಂಥದ್ದು ನೀವು ಬರೆದಿದ್ದರಲ್ಲಿ ನನಗೆ ಕಾಣಲಿಲ್ಲ. ಆದರೂ ನಿಮ್ಮದು ಒಂದೇ ಕಿವಿ, ಎರಡು ತಿಂಗಳಾಗಿದೆ. ದೊಡ್ಡವರಿಗೆ ಒಂದೇ ಕಡೆ ಹೀಗೆ ವಾರಗಟ್ಟಲೆ ಉಳಿದರೆ ಮೂಗಿನ ಹಿಂದೆ ಕೊಳವೆಯ ಬಾಯನ್ನು ಒತ್ತುವಂಥದ್ದು ಏನೂ ಇಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕು. ಆದ್ದರಿಂದ ಈ ವಾರವೇ ಹೋಗಿ, "ದುರ್ಬೀನ್ ಹಾಕಿ ಮೂಗಿನ ಹಿಂದ ನೋಡ್ತೀರೇನ್ರಿ" ಎಂದು ನೀವಾಗಿಯೇ ಕೇಳಿ. ಸ್ಪ್ರೇ ಹೊಡೆದು ಮರಗಟ್ಟಿಸಿ ನೋಡುತ್ತಾರೆ, ಐದು ನಿಮಿಷದ ಕೆಲಸ.