ಒಂದು ಕಡೆ ದಪ್ಪಗಿದ್ದ ಹಿಡಿ

ಹೆಸರು, ಊರು, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹುಡುಗಿಯೂ ಅವಳ ತಂದೆಯೂ ಓದಿ, ಸರಿ ಅಂದ ಮೇಲೆಯೇ ಇದನ್ನು ಹಂಚಿಕೊಳ್ಳುತ್ತಿದ್ದೇನೆ. ಹುಡುಗಿಯನ್ನು ಪುಟ್ಟಿ ಎನ್ನೋಣ. ಮಲೆನಾಡಿನಲ್ಲಿ ಮನೆಗೊಬ್ಬಳು ಪುಟ್ಟಿ ಇರುತ್ತಾಳೆ, ಯಾರು ಅಂತ ಗೊತ್ತಾಗುವುದಿಲ್ಲ.

ದೀಪಾವಳಿ ಮುಗಿದು ಎರಡು ವಾರವಾಗಿತ್ತು. ಸಾಗರದ ಕಡೆಯ ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಅಪ್ಪ, ಮಗಳು ಶಿವಮೊಗ್ಗಕ್ಕೆ, ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಬಂದಿದ್ದರು. ಅಪ್ಪ ಮೊದಲು ಮೇಜಿನ ಮೇಲೆ ಇಟ್ಟಿದ್ದು ದ್ವಿತೀಯ ಪಿಯುಸಿ ಅಂಕಪಟ್ಟಿ. ಸೈನ್ಸ್, ಶೇ. 61. ಆಮೇಲೆ ಕೈಚೀಲದಿಂದ ಒಂದು ಬುಟ್ಟಿ ತೆಗೆದು ಅದರ ಪಕ್ಕದಲ್ಲಿ ಇಟ್ಟರು.

“ಇದನ್ನೂ ನೋಡಿ ಮೇಡಂ. ರಿಸಲ್ಟ್ ಬಂದಾಗಿನಿಂದ ಇವಳದ್ದು ಇದೇ ಕೆಲಸ. ನಮ್ಮ ತಾಯಿ ಕೈಯಿಂದ ಇಸ್ಕೊಂಡು ಬಂದೆ, ನಿಮಗೆ ತೋರ್ಸೋಣ ಅಂತ.”

ಪುಟ್ಟಿ ತಲೆ ಎತ್ತಲಿಲ್ಲ.

ಅಪ್ಪನ ಅವಸರಕ್ಕೆ ಕಾರಣ ಇತ್ತು. ಎರಡು ಎಕರೆ ಅಡಿಕೆ ತೋಟ. ಎಲೆಚುಕ್ಕಿ ರೋಗ ಬಂದ ಮೇಲೆ ತೋಟ ನಂಬಿ ಕೂರುವ ಹಾಗಿಲ್ಲ. ನೀಟ್ ಬರೆಸಿದರು, ಅಂಕ ಸಾಲಲಿಲ್ಲ. ಬಿಎಸ್ಸಿ ಅರ್ಜಿ ತಂದರು, ಮಗಳು ತುಂಬಲಿಲ್ಲ. ಜೊತೆಯವರೆಲ್ಲ ಮಂಗಳೂರು, ಬೆಂಗಳೂರು ಅಂತ ಹೋಗಿದ್ದಾರೆ. “ಎಲ್ಲರ ಮಕ್ಕಳೂ ಒಂದೊಂದು ದಡ ಸೇರಿದ್ರು. ಇವಳು ಅಟ್ಟದ ಮೇಲೆ ಕೂತು ಬುಟ್ಟಿಗೆ ಬಣ್ಣ ಬಳೀತಾಳೆ.” ಹೇಳುವಾಗ ಅವರ ದನಿ ನಡುಗುತ್ತಿತ್ತು. ಅದು ಸಿಟ್ಟಲ್ಲ, ಭಯ. ತಂದೆ ತಾಯಿಯ ಭಯ ನಮ್ಮಲ್ಲಿ ಹೆಚ್ಚಾಗಿ ಸಿಟ್ಟಿನ ರೂಪದಲ್ಲೇ ಹೊರಗೆ ಬರುತ್ತದೆ. ಮಕ್ಕಳಿಗೆ ಕಾಣುವುದು ಸಿಟ್ಟು ಮಾತ್ರ.

ಬುಟ್ಟಿ ಚೆನ್ನಾಗಿತ್ತು. ನಮ್ಮ ಕಡೆ ಭೂಮಿ ಹುಣ್ಣಿಮೆಗೆ ಬುಟ್ಟಿ ಬರೆಯುವುದು ನಿಮಗೆ ಗೊತ್ತಿರಬಹುದು. ಭತ್ತಕ್ಕೆ ಹಾಲು ತುಂಬುವ ಹೊತ್ತು ಅದು. ಭೂಮಿತಾಯಿ ಬಸುರಿ ಅಂತ ನಂಬಿ, ಬಯಕೆಯ ಅಡುಗೆಯನ್ನು ಬುಟ್ಟಿಯಲ್ಲಿಟ್ಟು ಗದ್ದೆಗೆ ಒಯ್ಯುತ್ತಾರೆ. ಸಾಗರ, ಸೊರಬದ ಹಳ್ಳಿಗಳಲ್ಲಿ ಹೆಂಗಸರು ಬಿದಿರಿನ ಬುಟ್ಟಿಗೆ ಸಗಣಿ ಸಾರಿಸಿ, ಒಣಗಿಸಿ, ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ಕುಂಚ ಅಂದರೆ ಪುಂಡಿ ನಾರು. ಪುಟ್ಟಿ ಅಜ್ಜಿಗೆ ಮಾಡಿದ್ದು ಆ ದೊಡ್ಡ ಬುಟ್ಟಿಯ ಮರಿ. ಹೂ ಕೊಯ್ಯಲು, ಹಿಡಿ ಇಟ್ಟು ಮಾಡಿದ್ದು. ಗೆರೆಗಳು ಕೂದಲಷ್ಟು ಸಣ್ಣ. ನಾನು “ಎಷ್ಟು ಚೆಂದ ಬರ್ದಿದೀಯ” ಎಂದೆ. ಅವಳು ಥ್ಯಾಂಕ್ಸ್ ಎಂದಳು. ಅಷ್ಟೇ.

ಅಪ್ಪನನ್ನು ಹೊರಗೆ ಕೂರಿಸಿ ಅವಳ ಜೊತೆ ಮಾತಾಡಿದೆ. ನಿದ್ದೆ, ಊಟ, ಬೆಳಿಗ್ಗೆ ಏಳುವಾಗಿನ ಮನಸ್ಸು, ಎಲ್ಲ ಕೇಳಿದೆ. ಬದುಕು ಬೇಡ ಅನ್ನಿಸಿದೆಯಾ ಎಂದೂ ನೇರವಾಗಿಯೇ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂದು ಕೆಲವರು ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದ್ದಕ್ಕೆ ಹಗುರಾಗುವವರೇ ಜಾಸ್ತಿ. ಪುಟ್ಟಿಗೆ ಅಂಥ ಯೋಚನೆ ಇರಲಿಲ್ಲ, ನಿದ್ದೆಯೂ ಪರವಾಗಿರಲಿಲ್ಲ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಫೋನಿನಲ್ಲಿ ಸೇವ್ ಮಾಡಿಸಿದೆ. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಮಾತಾಡಬಹುದು, ಕನ್ನಡದಲ್ಲೇ.

ಆಮೇಲೆ ಹಬ್ಬದ ಮಾತು ಬಂತು. ಮಲೆನಾಡಿಗೆ ದೀಪಾವಳಿಯೇ ದೊಡ್ಡಹಬ್ಬ. ಊರು ಬಿಟ್ಟವರೆಲ್ಲ ಮನೆಗೆ ಬರುತ್ತಾರೆ. ಈ ಸಲ ಅವಳು ಬಂದವರಿಗೆಲ್ಲ ಒಂದೊಂದು ಉಡುಗೊರೆ ಮಾಡಿಟ್ಟಿದ್ದಳು. ಒಟ್ಟು 19. ಅಂಗಡಿಯಿಂದ ತಂದಿದ್ದು ಒಂದೂ ಇಲ್ಲ.

“ಅಷ್ಟೊಂದು ಯಾಕೆ ಮಾಡಿದೆ?”

ಸುಮಾರು ಹೊತ್ತು ಸುಮ್ಮನಿದ್ದಳು. “ಬಂದೋರೆಲ್ಲ ಮೊದ್ಲು ಕೇಳೋದು, ಮುಂದೇನು ಮಾಡ್ತಿದೀಯ ಅಂತ. ಅವ್ರು ಕೇಳೋ ಮೊದ್ಲೇ ಕೈಗೆ ಕೊಟ್ಬಿಡ್ತಿದ್ದೆ. ಆಗ ಅವ್ರು ಅದನ್ನ ನೋಡ್ತಾರೆ. ನನ್ನ ನೋಡಲ್ಲ.”

ಈ ಮಾತು ನನ್ನನ್ನು ಈಗಲೂ ಬಿಟ್ಟಿಲ್ಲ. ಆರು ತಿಂಗಳು ಕೂತು, ಹತ್ತೊಂಬತ್ತು ಜನರ ಒಂದೇ ಪ್ರಶ್ನೆಗೆ ಅಡ್ಡಲಾಗಿ ಹಿಡಿಯಲು ಹತ್ತೊಂಬತ್ತು ವಸ್ತು ಮಾಡಿದ್ದಾಳೆ. ನಾವು ಪ್ರೀತಿಯಿಂದಲೇ ಕೇಳುವ ಪ್ರಶ್ನೆ ಅದು, ಅಲ್ವಾ? ಹದಿನೆಂಟು ವರ್ಷದ ಮಗುವಿಗೆ ಅದು ಹೇಗೆ ತಾಗುತ್ತದೆ ನೋಡಿ.

ಅವತ್ತು ಅಪ್ಪನಿಗೆ ಹೇಳಿದ್ದು ಒಂದೇ. ಮುಂದೇನು ಅಂತ ದಿನಾ ಕೇಳಬೇಡಿ. ಭಾನುವಾರ ಸಂಜೆ ಅರ್ಧ ಗಂಟೆ ಇಟ್ಟುಕೊಳ್ಳಿ, ಆಗ ಕೂತು ಮಾತಾಡಿ. ಉಳಿದ ಆರು ದಿನ ಊಟ, ತೋಟ, ದನಕರು, ಏನು ಬೇಕಾದರೂ ಮಾತಾಡಿ, ಅದೊಂದು ಬೇಡ. ಅವರು ಒಪ್ಪಿದರು. ಪಾಲಿಸಿದರು ಕೂಡ.

ಎರಡನೇ ಭೇಟಿಯಲ್ಲಿ ತಪ್ಪು ನನ್ನಿಂದ ಆಯಿತು.

ಬೆಂಗಳೂರಿನ ನೆಂಟರೊಬ್ಬರು ಅಜ್ಜಿಯ ಬುಟ್ಟಿ ನೋಡಿ, ಗೃಹಪ್ರವೇಶಕ್ಕೆ ಬಂದವರಿಗೆ ಕೊಡಲು ಅಂಥದ್ದೇ 40 ಬೇಕು ಎಂದಿದ್ದರು. ಒಂದಕ್ಕೆ 250 ರೂಪಾಯಿ. ಪುಟ್ಟಿ ಅನುಮಾನಿಸುತ್ತಿದ್ದಳು. ನಾನು ಹುರುಪಿನಲ್ಲಿ, ತಗೋ, ಕೈಯಲ್ಲಿ ಕಲೆ ಇದೆ, ಅದೇ ದಾರಿ ಆಗಬಹುದು ಎಂದುಬಿಟ್ಟೆ. ಚೆನ್ನಾಗಿ ಮಾಡುವುದೆಲ್ಲ ವ್ಯಾಪಾರ ಆಗಬೇಕು ಎಂಬ ಯೋಚನೆ ಈಗ ಗಾಳಿಯಲ್ಲೇ ಇದೆ. ನಾನೂ ಅದನ್ನು ಯೋಚಿಸದೆ ಉಸಿರಾಡಿದ್ದೆ.

ಮೂರು ವಾರ ಬಿಟ್ಟು ಬಂದಳು. ಕೆಮ್ಮಣ್ಣು ಹೊಕ್ಕು ಉಗುರಿನ ಸಂದಿಯೆಲ್ಲ ಕೆಂಪಾಗಿತ್ತು. ಬಲಗೈ ಹೆಬ್ಬೆರಳು ಬಾತಿತ್ತು. 27 ಮುಗಿದಿತ್ತು. “ಎಲ್ಲಾ ಒಂದೇ ಥರ ಬೇಕಂತೆ ಮೇಡಂ” ಅಂದವಳೇ ಅಳಲು ಶುರು ಮಾಡಿದಳು.

ಇಬ್ಬರೂ ಕೂತು ಲೆಕ್ಕ ಹಾಕಿದೆವು. ಖಾಲಿ ಬುಟ್ಟಿಗೆ 90 ರೂಪಾಯಿ. ಉಳಿಯುವುದು 160. ಒಂದು ಬುಟ್ಟಿಗೆ ಆರು ಗಂಟೆ ಕೆಲಸ. ಗಂಟೆಗೆ ಸುಮಾರು 27 ರೂಪಾಯಿ. ಬೆಲೆ ಏರಿಸಬಹುದಿತ್ತು, ನಿಜ. ಕೈಕೆಲಸ ನಂಬಿ ಬದುಕು ಕಟ್ಟಿಕೊಂಡವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಸಾಗರದ ಗುಡಿಗಾರರ ಗಂಧದ ಕೆತ್ತನೆ ತಲೆಮಾರುಗಳಿಂದ ನಡೆದು ಬಂದಿದೆ. ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ ಚರಕ ಎಂಬ ಸಂಘದ ಹೆಂಗಸರು ಅಡಿಕೆ ಚೊಗರಿನಿಂದಲೇ, ಅಂದರೆ ಅಡಿಕೆ ಬೇಯಿಸಿದ ನೀರಿನಿಂದಲೇ, ಬಣ್ಣ ತೆಗೆದು ಕೈಮಗ್ಗದ ಬಟ್ಟೆ ಮಾಡುತ್ತಾರೆ. ಅದಕ್ಕೇ ದುಡ್ಡಿನ ಲೆಕ್ಕ ಒಂದನ್ನೇ ನೋಡಿ ಬಿಡು ಎನ್ನಲಿಲ್ಲ. ಇನ್ನೊಂದು ಪ್ರಶ್ನೆ ಕೇಳಿದೆ. “ಹತ್ತನೇ ಬುಟ್ಟಿ ಬರೆಯುವಾಗ ಹೇಗನ್ನಿಸ್ತು?”

“ಯಾರಿಗೆ ಅಂತ ಗೊತ್ತಿರಲಿಲ್ಲ. ಕೈ ಓಡ್ಲೇ ಇಲ್ಲ.”

ಕೆತ್ತನೆಯವರಿಗೆ, ನೇಕಾರರಿಗೆ ನೂರನೇ ತುಂಡಿನಲ್ಲೂ ರುಚಿ ಇರುತ್ತದೆ. ಕೈಯ ಕೆಲಸವೇ ಅವರಿಗೆ ಖುಷಿ. ಪುಟ್ಟಿಗೆ ಖುಷಿ ಇದ್ದದ್ದು ಬೇರೆ ಎಲ್ಲೋ. ಅದು ಎಲ್ಲಿ ಅಂತ ನಾನು ಕೇಳಿಯೇ ಇರಲಿಲ್ಲ. ಅವಳಿಗೆ ಅದನ್ನು ಹೇಳಿ ಕ್ಷಮೆ ಕೇಳಿದೆ. ನೆಂಟರಿಗೆ ಫೋನ್ ಮಾಡಿ 27 ಕೊಡುತ್ತೇನೆ, ಉಳಿದ ಮುಂಗಡ ವಾಪಸ್ ಮಾಡುತ್ತೇನೆ ಎಂದು ಹೇಳುವುದನ್ನು ಇಬ್ಬರೂ ಎರಡು ಸಲ ಅಭ್ಯಾಸ ಮಾಡಿದೆವು. ನನ್ನೆದುರೇ ಮಾಡಿದಳು. ಅವರು ಬೇಜಾರು ಮಾಡಿಕೊಳ್ಳಲಿಲ್ಲ.

ಅಷ್ಟರಲ್ಲಿ ಚಹಾ ಬಂತು. ಜಾಗ ಮಾಡಲು ಅಜ್ಜಿಯ ಬುಟ್ಟಿಯನ್ನು ಎತ್ತಿದೆ. ಅವತ್ತಿನಿಂದ ಅದು ನನ್ನ ಮೇಜಿನ ಮೇಲೇ ಇತ್ತು. ಎರಡು ಸಲ ಹೊಗಳಿದ್ದೆ, ಎತ್ತಿ ಹಿಡಿದಿರಲಿಲ್ಲ. ಹಿಡಿಗೆ ಹಳೇ ಹತ್ತಿ ಸೀರೆಯ ಪಟ್ಟಿ ಸುತ್ತಿತ್ತು. ಬೆರಳು ಕೂರುವ ಕಡೆ ಸುತ್ತು ಜಾಸ್ತಿ, ಬಾಳೆಕಾಯಿಯಷ್ಟು ದಪ್ಪ. ಇನ್ನೊಂದು ಕಡೆ ತೆಳು.

“ಇದ್ಯಾಕೆ ಒಂದು ಕಡೆ ದಪ್ಪ?”

“ಅಜ್ಜಿಗೆ ಬೆರಳಿನ ಗಂಟು ನೋವು. ಮುಷ್ಟಿ ಪೂರ್ತಿ ಮುಚ್ಚಕ್ಕಾಗಲ್ಲ. ತೆಳು ಹಿಡಿ ಕೊಟ್ರೆ ಜಾರಿ ಬೀಳುತ್ತೆ. ಎಷ್ಟು ದಪ್ಪ ಬೇಕು ಅಂತ ಒಂದು ಬಾಟ್ಲಿ, ಒಂದು ಲಟ್ಟಣಿಗೆ, ಒಂದು ಸೌತೆಕಾಯಿ ಹಿಡಿಸಿ ನೋಡಿದೆ.”

ಇಷ್ಟು ದಿನದಲ್ಲಿ ಅವಳು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಉಳಿದ ಉಡುಗೊರೆಗಳ ಬಗ್ಗೆ ಕೇಳುತ್ತಾ ಹೋದೆ. ಬ್ಯಾಗಿನಿಂದ ಒಂದು ನೋಟ್‌ಬುಕ್ ತೆಗೆದಳು. ಒಬ್ಬೊಬ್ಬರಿಗೆ ಒಂದೊಂದು ಪುಟ. ಅದರಲ್ಲಿ ಚಿತ್ತಾರದ ನಕ್ಷೆ ಕಡಿಮೆ. ಇದ್ದದ್ದು ಆ ಮನುಷ್ಯರ ಕೈ, ಮೊಣಕಾಲು, ಕಣ್ಣು. ಒಬ್ಬ ಮಾವ ಕೊನೆಗೌಡರು, ಮರ ಹತ್ತಿ ಅಡಿಕೆ ಕೊನೆ ಕೊಯ್ಯುವವರು. ಮರದಿಂದ ಬಿದ್ದು ಬಲಗೈಯ ಶಕ್ತಿ ಹೋಗಿದೆ. ಎಲೆಅಡಿಕೆ ಸಂಚಿಯ ದಾರ ಎಳೆಯಲು ಎರಡು ಕೈ ಬೇಕು, ಅವರಿಗಿರುವುದು ಒಂದೇ. ಪುಟ್ಟಿ ದಾರ ತೆಗೆದು, ಬಾಯಿಗೆ ಬಿದಿರಿನ ಬಳೆ ಹೊಲಿದು, ಎಡಗೈ ಹೆಬ್ಬೆರಳಿಂದ ತೆರೆಯುವ ಹಾಗೆ ಮಾಡಿದ್ದಳು. ಪುಟದ ಕೆಳಗೆ ಬರೆದಿತ್ತು: “ಸುಣ್ಣದ ಡಬ್ಬಿ ಮೇಲಿನ ಖಾನೆಗೆ. ತಡಕಾಡಬಾರದು.”

ಒಂದೊಂದಾಗಿ ಪುಟ ತಿರುಗಿಸಿದೆ. ಹೊಲಿಗೆ, ಬಣ್ಣ ಎಲ್ಲ ಆಮೇಲೆ ಬಂದಿದ್ದು. ಮೊದಲು ಅವಳು ತಿಂಗಳುಗಟ್ಟಲೆ ನೋಡಿದ್ದಳು, ಯಾರಿಗೆ ಯಾವ ದಿನದ ಕೆಲಸ ಕಷ್ಟವಾಗುತ್ತಿದೆ ಅಂತ.

ಇದನ್ನೇ ಓದಿ ಕೆಲಸ ಮಾಡುವವರು ಇದ್ದಾರೆ ಎಂದಾಗ ಅವಳು ನಂಬಲಿಲ್ಲ. ಆಕ್ಯುಪೇಷನಲ್ ಥೆರಪಿ ಎಂಬ ಹೆಸರನ್ನೇ ಕೇಳಿರಲಿಲ್ಲ. ನಮ್ಮ ಕಡೆ ಬಹಳ ಜನ ಕೇಳಿರುವುದಿಲ್ಲ. ಫಿಸಿಯೋಥೆರಪಿ ಗೊತ್ತು, ಇದು ಅದರ ಪಕ್ಕದ ಮನೆ. ಪಾರ್ಶ್ವವಾಯು ಆದವರು, ಕೈಗೆ ಪೆಟ್ಟಾದವರು, ಗಂಟುನೋವಿನ ಹಿರಿಯರು, ಬೆಳವಣಿಗೆಯಲ್ಲಿ ತೊಂದರೆ ಇರುವ ಮಕ್ಕಳು, ಇವರು ತಮ್ಮ ದಿನದ ಕೆಲಸವನ್ನು ತಾವೇ ಮಾಡಿಕೊಳ್ಳುವ ಹಾಗೆ ಮಾಡುವುದು. ಊಟ, ಸ್ನಾನ, ಬಟ್ಟೆ, ಬರವಣಿಗೆ. ಹಿಡಿಯಲಾರದ ಕೈಗೆ ಚಮಚದ ಹಿಡಿ ದಪ್ಪ ಮಾಡಿಕೊಡುವುದು ಅವರ ಮಾಮೂಲಿ ಉಪಾಯಗಳಲ್ಲಿ ಒಂದು. ಅದನ್ನು ಹೇಳಿದಾಗ ಪುಟ್ಟಿ ಬುಟ್ಟಿಯ ಕಡೆ ನೋಡಿದಳು.

ಮಣಿಪಾಲದಲ್ಲಿ ಈ ಓದು ಇದೆ. ನಾಲ್ಕು ವರ್ಷಕ್ಕಿಂತ ಜಾಸ್ತಿ ಬೇಕು, ಆಸ್ಪತ್ರೆಯ ತರಬೇತಿಯೂ ಸೇರಿ. ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದ್ದು ಅವಳಿಗೆ ಉಪಯೋಗಕ್ಕೆ ಬಂತು. 2021ರಲ್ಲಿ ಫಿಸಿಯೋಥೆರಪಿ, ಆಕ್ಯುಪೇಷನಲ್ ಥೆರಪಿಯಂಥ ವೃತ್ತಿಗಳಿಗೆಲ್ಲ ಒಂದು ರಾಷ್ಟ್ರೀಯ ಆಯೋಗದ ಕಾಯ್ದೆ ಬಂದಿದೆ. ಅದಾದ ಮೇಲೆ ಪ್ರವೇಶದ ನಿಯಮಗಳು ಬದಲಾಗುತ್ತಿವೆ, ಅದಕ್ಕೆ ಅರ್ಜಿ ಹಾಕುವ ವರ್ಷದ ನಿಯಮವನ್ನು ಕಾಲೇಜಿನಿಂದಲೇ ಕೇಳಿ ತಿಳಿಯಿರಿ ಎಂದು ಅಪ್ಪನಿಗೆ ಬರೆದುಕೊಟ್ಟೆ. ಖಾಸಗಿ ಕಾಲೇಜಿನ ಫೀಸು ಅವರ ಮನೆಗೆ ಭಾರ. ಶಿಕ್ಷಣ ಸಾಲ, ವಿದ್ಯಾರ್ಥಿವೇತನ ಎರಡನ್ನೂ ಮೊದಲೇ ವಿಚಾರಿಸಿ, ಸೀಟು ಸಿಕ್ಕ ಮೇಲೆ ಓಡಾಡಬೇಡಿ ಎಂದೆ.

ಆದರೆ ಮೊದಲ ಸಲ ಎಡವಿದ್ದು ನೆನಪಿತ್ತು. ಈ ಸಲ ಇದೇ ನಿನ್ನ ದಾರಿ ಎನ್ನಲಿಲ್ಲ. ಫಿಸಿಯೋಥೆರಪಿ, ವಿಶೇಷ ಮಕ್ಕಳ ಶಿಕ್ಷಣ, ವಸ್ತು ವಿನ್ಯಾಸದ ಕೋರ್ಸ್, ಎಲ್ಲದರ ಬಗ್ಗೆಯೂ ಮಾತಾಡಿದೆವು. ಅರ್ಜಿಗೆ ಮುಂಚೆ ಹೋಗಿ ನೋಡಿಕೊಂಡು ಬಾ ಎಂದೆ. ಶಿವಮೊಗ್ಗದಲ್ಲಿ ಪರಿಚಯದವರ ಪುನಶ್ಚೇತನ ವಿಭಾಗದಲ್ಲಿ ಐದು ದಿನ, ವಿಶೇಷ ಮಕ್ಕಳ ಶಾಲೆಯೊಂದರಲ್ಲಿ ಐದು ದಿನ. ಮಾತಾಡಬೇಡ, ಸಹಾಯಕ್ಕೆ ನುಗ್ಗಬೇಡ, ಸುಮ್ನೆ ನೋಡು. ವಾಸನೆ, ಬೇಸರ, ಕೂಗಾಟ ಎಲ್ಲ ಇರುತ್ತದೆ. ಸಂಜೆ ಬಂದು ಎರಡೇ ಸಾಲು ಬರಿ: ಯಾವ ಹೊತ್ತಿನಲ್ಲಿ ಗಡಿಯಾರ ನೋಡಿದೆ, ಯಾವ ಹೊತ್ತಿನಲ್ಲಿ ಮರೆತೆ.

ಇದು ಬೇರೆ ಮಕ್ಕಳಿಗೂ ನಾನು ಕೊಡುವ ಸಲಹೆ. ಪಿಯುಸಿ ಮುಗಿಸಿ ಮನೆಯಲ್ಲಿ ಕೂತ ಮಗುವಿಗೆ ಕೋರ್ಸುಗಳ ಪಟ್ಟಿ ಎದುರು ಹಿಡಿದರೆ ಅದು ಇನ್ನಷ್ಟು ಮುದುಡುತ್ತದೆ. ಯಾರೂ ಹೇಳದೆ ತಾನಾಗಿಯೇ ಏನು ಮಾಡುತ್ತಿದೆ ನೋಡಿ. ಕೇಕ್ ಮಾಡುವ ಮಗುವಿಗೆಲ್ಲ ಬೇಕರಿ ಬೇಕಿಲ್ಲ. ಕೆಲವರಿಗೆ ಅಳತೆ ಇಷ್ಟ, ಕೆಲವರಿಗೆ ಹಂಚುವುದು ಇಷ್ಟ, ಕೆಲವರಿಗೆ ಲೆಕ್ಕ ಬರೆಯುವುದು. ಯಾವುದು ಅಂತ ತಿಳಿಯಲು ಪಕ್ಕದಲ್ಲಿ ಕೂತು ಸಣ್ಣ ಸಣ್ಣ ಪ್ರಶ್ನೆ ಕೇಳಬೇಕು. ಅಂಕ ಕಡಿಮೆ ಬಂದು ಹೆದರಿದವರಿಗೆ ಒಂದು ಮಾತು. 2024ರಿಂದ ನಮ್ಮ ರಾಜ್ಯದಲ್ಲಿ ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇವೆ, ಹೆಚ್ಚು ಬಂದ ಅಂಕವನ್ನೇ ಉಳಿಸಿಕೊಳ್ಳಬಹುದು.

ಪುಟ್ಟಿಗೆ ಇನ್ನೂ ಒಂದು ಹೇಳಿದ್ದೆ. ಉಡುಗೊರೆ ಮಾಡುವುದನ್ನು ಬಿಡಬೇಡ, ಆದರೆ ಪ್ರಶ್ನೆಗೆ ಅಡ್ಡ ಹಿಡಿಯಲು ಮಾಡಬೇಡ. ಯಾರಾದರೂ ಕೇಳಿದರೆ ಹೇಳಲು ಒಂದು ಸಾಲು ಇಟ್ಟುಕೋ. ಅವಳೇ ಬರೆದುಕೊಂಡಳು: “ಈ ವರ್ಷ ನೋಡ್ತಾ ಇದೀನಿ ಚಿಕ್ಕಮ್ಮ, ಜೂನಿಗೆ ಹೇಳ್ತೀನಿ.” ಸಂಕ್ರಾಂತಿಗೆ ಎಳ್ಳು ಬೀರಲು ಹೋದಾಗ ಮೂರು ಮನೆಯಲ್ಲಿ ಹೇಳಿದಳಂತೆ. ಮೂರರಲ್ಲೂ ಮಾತು ಅಲ್ಲಿಗೇ ನಿಂತು, ಎಳ್ಳು ಬೆಲ್ಲಕ್ಕೆ ತಿರುಗಿತಂತೆ.

ಹತ್ತು ದಿನ ಮುಗಿಸಿ ಅಪ್ಪನ ಜೊತೆ ಬಂದಳು. ನೋಟ್‌ಬುಕ್ಕಿನಲ್ಲಿ ಹೊಸ ಪುಟಗಳಿದ್ದವು. ಒಂದರಲ್ಲಿ ಹೆಸರಿಲ್ಲ. “ಸುಮಾರು 60 ವರ್ಷ. ಎಡಗೈ ಏಳಲ್ಲ. ಲುಂಗಿ ಕಟ್ಕೋತಾರೆ, ಶರ್ಟಿನ ಗುಂಡಿ ಆಗಲ್ಲ. ಮೂರನೇ ಗುಂಡಿಗೆ ಬಂದಾಗ ಹೆಂಡತಿ ಮುಖ ನೋಡ್ತಾರೆ.” ಗಡಿಯಾರ ನೋಡಿದ ಹೊತ್ತುಗಳೂ ಇದ್ದವು. ಮಕ್ಕಳ ಶಾಲೆಯ ಮಧ್ಯಾಹ್ನಗಳು ಅವಳಿಗೆ ಕಷ್ಟವಾಗಿದ್ದವು. ಮುಚ್ಚಿಡದೆ ಬರೆದಿದ್ದಳು.

ಅಪ್ಪ ಆ ಪುಟವನ್ನು ನಿಧಾನಕ್ಕೆ ಓದಿದರು. ಆಮೇಲೆ ಮೇಜಿನ ಮೇಲಿದ್ದ ಬುಟ್ಟಿಯನ್ನು ಕೈಗೆ ತಗೊಂಡು, ದಪ್ಪ ಇದ್ದ ಕಡೆ ಹಿಡಿದು, ತೆಳು ಇದ್ದ ಕಡೆ ಹಿಡಿದು ನೋಡಿದರು. ಏನೂ ಹೇಳಲಿಲ್ಲ. ಮಣಿಪಾಲಕ್ಕೆ ಯಾವ ಬಸ್ಸು ಸರಿ ಎಂದು ಕೇಳಿದರು.

ಸೀಟು ಸಿಗುತ್ತದೋ ಇಲ್ಲವೋ, ಜೂನ್ ಇನ್ನೂ ದೂರ. ಹೊರಡುವಾಗ ಬುಟ್ಟಿಯನ್ನು ಕೈಚೀಲಕ್ಕೆ ಹಾಕಿಕೊಂಡರು. ಅಜ್ಜಿ ಎರಡು ತಿಂಗಳಿಂದ ಸೆರಗಿನಲ್ಲಿ ಹೂ ಕೊಯ್ಯುತ್ತಿದ್ದಾರಂತೆ, ದಿನಾ ಬೈಯುತ್ತಿದ್ದಾರಂತೆ.