ಷೇರು ಏರಿದರೂ ನನ್ನ ಕಾಲ್ ಯಾಕೆ ಇಳಿಯಿತು? ಯಾವ ಕ್ಯಾಲ್ಕುಲೇಟರ್ ನಂಬಬೇಕು?

ನಿಮ್ಮ ಪ್ರಶ್ನೆ ಓದಿದೆ. ಕಂಪನಿಯ ಲಾಭ-ನಷ್ಟದ ರಿಸಲ್ಟಿನ ಹಿಂದಿನ ದಿನ ಕಾಲ್ ಆಪ್ಷನ್ (ಮುಂದೆ ಗೊತ್ತಾದ ದಿನ, ಗೊತ್ತಾದ ಬೆಲೆಗೆ ಷೇರು ಕೊಳ್ಳುವ ಹಕ್ಕು) ಕೊಂಡಿರಿ. ರಿಸಲ್ಟ್ ಚೆನ್ನಾಗಿ ಬಂತು, ಷೇರೂ ಏರಿತು, ಆದರೆ ಪ್ರೀಮಿಯಂ, ಅಂದರೆ ಆ ಕಾಲಿನ ಬೆಲೆ, ಅರ್ಧಕ್ಕಿಳಿಯಿತು. ಆಪ್ಷನ್ ಬೆಲೆ ಲೆಕ್ಕ ಹಾಕುವ ಕ್ಯಾಲ್ಕುಲೇಟರ್ ನೋಡಿದರೆ ಜಾಸ್ತಿ ಬೆಲೆ ತೋರಿಸುತ್ತಿದೆ. ಹಾಗಾಗಿ ಇನ್ನಷ್ಟು ಕೊಂಡು ಆವರೇಜ್ (ಸರಾಸರಿ ಬೆಲೆ ಕಡಿಮೆ) ಮಾಡಲಾ ಅಂತ ಕೇಳುತ್ತಿದ್ದೀರಿ. ಮೊದಲು ಫೋನ್ ಕೆಳಗಿಡಿ. ಆವರೇಜ್ ಮಾಡಬೇಡಿ. ಯಾಕೆ ಅಂತ ಹೇಳ್ತೀನಿ.

ನಾನು ಶಿರಸಿಯಲ್ಲಿ ಒಂದು ಅಡಿಕೆ ವಖಾರಿಯಲ್ಲಿ ಲೆಕ್ಕ ಬರೆಯುವವನು. ಟೆಂಡರ್ ಗಡಿಬಿಡಿ ಮುಗಿದ ಮೇಲೆ ಗೋಣಿಚೀಲದ ಅಟ್ಟಿಗೆ ಒರಗಿ ಮೊಬೈಲಿನಲ್ಲಿ ಆಪ್ಷನ್ ಚೈನ್ (ಆಪ್ಷನ್ನುಗಳ ಬೆಲೆಪಟ್ಟಿ) ನೋಡುವುದು ಚಟವಾಗಿತ್ತು. ಏಪ್ರಿಲ್ ನಡುವೆ ಐಟಿ ಕಂಪನಿಗಳ ರಿಸಲ್ಟ್ ಶುರುವಾಗುತ್ತದಲ್ಲ, ಆಗಿನ ಮಾತು. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ಸ್ವಲ್ಪ ಸವರಿ ಹೇಳುತ್ತೇನೆ. ಷೇರು 1000 ರೂಪಾಯಿ. ಎಕ್ಸ್‌ಪೈರಿಗೆ (ಆಪ್ಷನ್ ಮುಗಿಯುವ ದಿನಕ್ಕೆ) ಎರಡು ವಾರ. 1040ರ ಕಾಲ್ (1040ಕ್ಕೆ ಕೊಳ್ಳುವ ಹಕ್ಕು, ಆ 1040ನ್ನು ಸ್ಟ್ರೈಕ್ ಅನ್ನುತ್ತಾರೆ) ಷೇರಿಗೆ 23 ರೂಪಾಯಿಯಂತೆ ಸಿಕ್ಕಿತು, 500ರ ಲಾಟ್, ಅಂದರೆ 500 ಷೇರಿನ ಕಟ್ಟು. ಚೈನಿನ ಐವಿ (ಇಂಪ್ಲೈಡ್ ವೊಲಟಿಲಿಟಿ, ಷೇರು ವರ್ಷಕ್ಕೆ ಎಷ್ಟು ಪರ್ಸೆಂಟ್ ಕುಣಿಯಬಹುದು ಅನ್ನುವ ಮಾರ್ಕೆಟ್ಟಿನ ಅಂದಾಜು) ಅಂಕಣದಲ್ಲಿ 50 ಅಂತ ಇತ್ತು.

ನಾನು ಸುಮ್ನೆ ಕೊಳ್ಳಲಿಲ್ಲ, ‘ಅಧ್ಯಯನ’ ಮಾಡಿಯೇ ಕೊಂಡೆ! ಆನ್‌ಲೈನ್ ಕ್ಯಾಲ್ಕುಲೇಟರಿನಲ್ಲಿ ಷೇರು ಬೆಲೆ, ಸ್ಟ್ರೈಕ್, ಉಳಿದ ದಿನ ಎಲ್ಲ ತುಂಬಿದೆ. ಐವಿ ಜಾಗದಲ್ಲಿ ಚೈನಿನಲ್ಲಿದ್ದ 50 ಹಾಕಿದೆ. ಉತ್ತರ 23 ಬಂತು. ಮಾರ್ಕೆಟ್ಟಿನಲ್ಲೂ 23. ಬೆಲೆ ಸರಿಯಾಗಿದೆ ಅಂತ ಬೀಗಿದೆ.

ಎಡವಟ್ಟಾದದ್ದು ಇಲ್ಲೇ. ಇದನ್ನು ಸ್ವಲ್ಪ ಎಳೆದು ಹೇಳುತ್ತೇನೆ, ನೀವೂ ಇದನ್ನೇ ಮಾಡಿದ್ದೀರಿ ಅನ್ನಿಸುತ್ತದೆ. 1973ರಲ್ಲಿ ಬಂದ ಬ್ಲ್ಯಾಕ್-ಶೋಲ್ಸ್ ಸೂತ್ರಕ್ಕೆ ಐದು ಸಂಗತಿ ಬೇಕು: ಷೇರಿನ ಬೆಲೆ, ಸ್ಟ್ರೈಕ್, ಉಳಿದ ಸಮಯ, ಬಡ್ಡಿ ದರ, ಆಮೇಲೆ ಷೇರು ಮುಂದೆ ಎಷ್ಟು ಕುಣಿಯಬಹುದು ಅನ್ನುವ ಅಂದಾಜು. ಮೊದಲ ನಾಲ್ಕು ಎಲ್ಲರ ಕಣ್ಣಿಗೂ ಕಾಣುತ್ತವೆ. ಐದನೆಯದು ಯಾರಿಗೂ ಕಾಣುವುದಿಲ್ಲ. ಹಾಗಾಗಿ ಲೆಕ್ಕವನ್ನು ಹಿಂದಿನಿಂದ ಮಾಡುತ್ತಾರೆ. ಮಾರ್ಕೆಟ್ಟಿನಲ್ಲಿ ಜನ 23 ಕೊಡುತ್ತಿದ್ದಾರೆ, ಹಾಗಾದರೆ ಎಷ್ಟು ಕುಣಿತ ಅಂದುಕೊಂಡರೆ ಸೂತ್ರ 23 ಕೊಡುತ್ತದೆ? 50. ಅದೇ ಐವಿ. ಅಂದರೆ ಬೆಲೆ ಮೊದಲು, ಐವಿ ಆಮೇಲೆ. ನಾನು 23ರಿಂದ ಹುಟ್ಟಿದ 50ನ್ನು ವಾಪಸ್ ಸೂತ್ರಕ್ಕೆ ಹಾಕಿ 23 ಬಂತು ಅಂತ ಖುಷಿಪಟ್ಟಿದ್ದೆ. ಪರೀಕ್ಷೆ ಬರೆದವನೂ ನಾನೇ, ತಿದ್ದಿದವನೂ ನಾನೇ. ‘ಬೆಲೆ ಸರಿ ಇದೆಯಾ ಅಂತ ಐವಿ ಹಾಕಿ ಚೆಕ್ ಮಾಡಿದೆ’ ಅಂತ ನೀವು ಬರೆದಿದ್ದೀರಲ್ಲ, ಆ ಚೆಕ್ಕಿಗೆ ಅರ್ಥವೇ ಇಲ್ಲ. ಅದಕ್ಕೇ ಯಾವ ಕ್ಯಾಲ್ಕುಲೇಟರ್ ಒಳ್ಳೆಯದು ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹೆಚ್ಚಿನವೆಲ್ಲ ಒಂದೇ ಸೂತ್ರ, ಬಣ್ಣ ಬೇರೆ ಅಷ್ಟೇ.

ಮರುದಿನ ಷೇರು 1020. ಲಾಭ ಬಂತು ಅಂತ ನೋಡಿದರೆ ಕಾಲ್ 11. ಆ್ಯಪ್ ಮುಚ್ಚಿ ತೆರೆದೆ. 11. ಪಕ್ಕದವನ ಫೋನಿನಲ್ಲಿ ನೋಡಿದೆ. ಅಲ್ಲೂ 11. ಆಗ ಮತ್ತೆ ಕ್ಯಾಲ್ಕುಲೇಟರ್ ತೆಗೆದೆ. ಷೇರು 1020 ಅಂತ ಬದಲಿಸಿದೆ, ದಿನ ಒಂದು ಕಡಿಮೆ ಮಾಡಿದೆ. ಐವಿ ಮಾತ್ರ ನಿನ್ನೆಯ 50 ಹಾಗೇ ಇತ್ತು. ಉತ್ತರ ಹತ್ತಿರ ಹತ್ತಿರ 30 ಬಂತು. ಮೂವತ್ತು ರೂಪಾಯಿಯ ಮಾಲು ಹನ್ನೊಂದಕ್ಕೆ ಸಿಗುತ್ತಿದೆ, ಮಾರ್ಕೆಟ್ಟಿಗೆ ತಲೆ ಕೆಟ್ಟಿದೆ ಅಂದುಕೊಂಡು ಇನ್ನೂ ಮೂರು ಲಾಟ್ ಎತ್ತಿದೆ.

ನನಗೆ ಪೆಟ್ಟು ಕೊಟ್ಟದ್ದು ಆ ಎರಡನೆಯ ಖರೀದಿ. ಮೊದಲನೆಯದು 11,500 ರೂಪಾಯಿ, ಹೋದರೆ ಹೋಯಿತು ಅನ್ನಬಹುದಿತ್ತು. ಎರಡನೆಯದಕ್ಕೆ ಸುರಿದ 16,500 ಅಡಿಕೆ ತೋಟಕ್ಕೆ ಮೈಲುತುತ್ತಿನ ಕೊಳೆಮದ್ದು ಹೊಡೆಸಲು ಇಟ್ಟ ದುಡ್ಡು. ಷೇರು ಅಲ್ಲೇ 1020ರ ಆಸುಪಾಸು ಹೊರಳಾಡಿತು, ಎಕ್ಸ್‌ಪೈರಿ ದಿನವೂ 1040 ಮುಟ್ಟಲಿಲ್ಲ. ಎಲ್ಲ ಸೊನ್ನೆ. ಮೇ ಕೊನೆಗೆ ಅಪ್ಪಯ್ಯ ‘ಮೈಲುತುತ್ತು ತಂದ್ಯನಾ ತಮಾ?’ ಅಂತ ಕೇಳಿದಾಗ ‘ಸ್ಟಾಕ್ ಬರಲಿಲ್ಲ’ ಅಂತ ಸುಳ್ಳು ಹೇಳಿ, ಭಾವನ ಹತ್ತಿರ ಕೈಸಾಲ ಮಾಡಿದೆ. ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನಿಗೆ ಅರ್ಧ ಸಂಬಳ ಮುಂಗಡ ಕೊಟ್ಟು ಉಳಿದದ್ದಕ್ಕೆ ವಾಯಿದೆ ಹೇಳಿದೆ. ಷೇರು ಅಂದರೆ ಏನು ಅಂತಲೇ ಗೊತ್ತಿಲ್ಲದ ಮನುಷ್ಯ ನನ್ನ ಆಪ್ಷನ್ನಿಗೆ ಕಾಯಬೇಕಾಯಿತು.

ಹಾಗಾದರೆ ಆ ರಾತ್ರಿ ಆದದ್ದೇನು? ನೀವು ಹೊನ್ನಾವರದವರು ಅಂತ ಬರೆದಿದ್ದೀರಿ, ಮಾರಿಕಾಂಬಾ ಜಾತ್ರೆಗೆ ಬಂದೇ ಇರುತ್ತೀರಿ. ಎರಡು ವರ್ಷಕ್ಕೊಮ್ಮೆ ಆ ವಾರ ಶಿರಸಿಯಲ್ಲಿ ಲಾಡ್ಜ್ ರೂಮಿನ ರೇಟು ಕೇಳಿದ್ದೀರಾ? ಅದೇ ಮಂಚ, ಅದೇ ಸೋರುವ ನಲ್ಲಿ. ದುಡ್ಡು ಬರಲಿರುವ ಜನಜಂಗುಳಿಗೆ. ಜಾತ್ರೆ ಮುಗಿದ ಮರುದಿನ ಆ ರೇಟು ಕೊಡುವವರು ಯಾರೂ ಇಲ್ಲ. ರಿಸಲ್ಟಿಗೆ ಮುಂಚಿನ ಐವಿಯೂ ಹಾಗೆ. ನಾಳೆ ಏನಾಗುತ್ತದೋ ಅನ್ನುವ ಅಳುಕಿಗೆ ಎಲ್ಲರೂ ಆಪ್ಷನ್ ಕೊಳ್ಳುತ್ತಾರೆ, ಪ್ರೀಮಿಯಂ ಉಬ್ಬುತ್ತದೆ. ರಿಸಲ್ಟ್ ಹೊರಬಿತ್ತು ಅಂದರೆ ಒಳ್ಳೆಯದೋ ಕೆಟ್ಟದ್ದೋ, ಅಳುಕು ಮುಗಿಯಿತು. ನನ್ನ ಕಾಲಿನ ಐವಿ 50ರಿಂದ ಒಂದೇ ಏಟಿಗೆ 25ಕ್ಕೆ ಬಿತ್ತು.

ಈಗ ಲೆಕ್ಕ ತಾಳೆಯಾಗುತ್ತದೆ ನೋಡಿ. ಷೇರು 20 ರೂಪಾಯಿ ಏರಿದ್ದಕ್ಕೆ, ಒಂದು ದಿನ ಕಳೆದದ್ದನ್ನೂ ಹಿಡಿದು, 23 ಇದ್ದದ್ದು 30 ಆಗಬೇಕಿತ್ತು. ಐವಿ ಒಂದು ಪಾಯಿಂಟ್ ಇಳಿದರೆ ಈ ಕಾಲಿನಲ್ಲಿ ಸುಮಾರು 75 ಪೈಸೆ ಕಳೆಯುತ್ತದೆ, ಅದಕ್ಕೆ ವೇಗಾ ಅನ್ನುತ್ತಾರೆ. 25 ಪಾಯಿಂಟಿಗೆ ಹತ್ತಿರ ಹತ್ತಿರ 19 ರೂಪಾಯಿ. ಮೂವತ್ತರಲ್ಲಿ ಹತ್ತೊಂಬತ್ತು ಹೋದರೆ ಹನ್ನೊಂದು. ಬ್ರೋಕರ್ ಮೋಸ ಮಾಡಿದ್ದಾನೆ ಅಂತ ನೀವು ಅನುಮಾನ ಪಟ್ಟಿದ್ದೀರಿ, ನಾನೂ ಪಟ್ಟಿದ್ದೆ. ಪಾಪ, ಅವನದೇನೂ ಇಲ್ಲ.

ಕೊಳ್ಳುವ ಮೊದಲು ನೋಡಬೇಕಾದದ್ದು ಒಂದಿದೆ, ಅದಕ್ಕೆ ಕ್ಯಾಲ್ಕುಲೇಟರೂ ಬೇಡ. ಷೇರು ಈಗಿರುವ ಬೆಲೆಯ ಸ್ಟ್ರೈಕಿನಲ್ಲಿ ಕಾಲ್ ಮತ್ತು ಪುಟ್ (ಗೊತ್ತಾದ ಬೆಲೆಗೆ ಮಾರುವ ಹಕ್ಕು) ಪ್ರೀಮಿಯಂ ಎರಡನ್ನೂ ಕೂಡಿಸಿ. ನನ್ನ ಷೇರಿನಲ್ಲಿ ಆವತ್ತು ಅದು ಸುಮಾರು 78 ರೂಪಾಯಿ. ಅಂದರೆ ಎಕ್ಸ್‌ಪೈರಿ ಒಳಗೆ ಷೇರು ಮೇಲಕ್ಕೋ ಕೆಳಕ್ಕೋ ಹೆಚ್ಚುಕಡಿಮೆ 8 ಪರ್ಸೆಂಟ್ ಆಡಬಹುದು ಅಂತ ಮಾರ್ಕೆಟ್ ಆಗಲೇ ಲೆಕ್ಕ ಹಾಕಿ ನನ್ನಿಂದ ದುಡ್ಡು ತೆಗೆದುಕೊಂಡಿತ್ತು. ಷೇರು ಏರುತ್ತಾ ಅಂತ ಮಾತ್ರ ಕೇಳಿಕೊಂಡೆ, ಎಂಟಕ್ಕಿಂತ ಜಾಸ್ತಿ ಏರುತ್ತಾ ಅಂತ ಕೇಳಿಕೊಳ್ಳಲಿಲ್ಲ. ಇನ್ನೊಂದು ಬಾಯಿಲೆಕ್ಕ: ಐವಿಯನ್ನು 16ರಿಂದ ಭಾಗಿಸಿದರೆ ದಿನಕ್ಕೆ ಎಷ್ಟು ಪರ್ಸೆಂಟ್ ಏರಿಳಿತ ಅಂತ ಅಂದಾಜು ಸಿಗುತ್ತದೆ. ವರ್ಷದಲ್ಲಿ ಸುಮಾರು 252 ವಹಿವಾಟಿನ ದಿನ, ಅದರ ವರ್ಗಮೂಲ ಹದಿನಾರರ ಹತ್ತಿರ. ಐವಿ 32 ಅಂದರೆ ದಿನಕ್ಕೆ 2 ಪರ್ಸೆಂಟ್.

‘ಹಾಗಾದರೆ ರಿಸಲ್ಟಿಗೆ ಮುಂಚೆ ಕೊಳ್ಳುವ ಬದಲು ನಾವೇ ಆಪ್ಷನ್ ಮಾರಿಬಿಡೋಣ, ಐವಿ ಬಿದ್ದಾಗ ಲಾಭ ಅಲ್ವಾ’ ಅಂತ ಯಾರಾದರೂ ನಿಮ್ಮ ಕಿವಿ ಊದಿಯೇ ಊದುತ್ತಾರೆ. ಕೇಳಬೇಡಿ. 2024ರ ಜೂನ್ 4, ಲೋಕಸಭೆ ಮತ ಎಣಿಕೆ. ಹಿಂದಿನ ದಿನ ಎಕ್ಸಿಟ್ ಪೋಲ್ ನಂಬಿ ಷೇರುಪೇಟೆಯ ಸೂಚ್ಯಂಕ ನಿಫ್ಟಿ 3 ಪರ್ಸೆಂಟಿಗಿಂತ ಜಾಸ್ತಿ ಜಿಗಿದಿತ್ತು. ಎಣಿಕೆಯ ದಿನ ಸುಮಾರು 6 ಪರ್ಸೆಂಟ್ ಕುಸಿಯಿತು. ನಿಫ್ಟಿ ಆಪ್ಷನ್‌ಗಳ ಬೆಲೆಯಿಂದ ಲೆಕ್ಕ ಹಾಕುವ ಇಂಡಿಯಾ ವಿಕ್ಸ್ ಆವತ್ತು ಒಂದು ಹಂತದಲ್ಲಿ 30 ದಾಟಿತ್ತು, ಮರುದಿನ 20ರ ಕೆಳಗಿಳಿಯಿತು. ಮರುದಿನದವರೆಗೆ ತಾಳಲು ಮಾರ್ಜಿನ್ (ಬ್ರೋಕರಿನ ಹತ್ತಿರ ಇಡಬೇಕಾದ ಭದ್ರತೆಯ ದುಡ್ಡು) ಇದ್ದವರಿಗೆ ಸರಿ. ಹಿಂದಿನ ದಿನ ಪುಟ್ ಮಾರಿ ಕೂತ ಸಣ್ಣವರಿಗೆ ಅಲ್ಲಿವರೆಗೆ ಉಳಿಯುವುದೇ ಕಷ್ಟ. ಕೊಂಡರೆ ಕೊಟ್ಟ ದುಡ್ಡಷ್ಟೇ ಹೋಗುತ್ತದೆ, ಮಾರಿದರೆ ಎಷ್ಟು ಹೋಗುತ್ತದೆ ಅಂತ ಮೊದಲೇ ಹೇಳಲಿಕ್ಕಾಗದು. 2022ರಿಂದ 2024ರವರೆಗಿನ ಮೂರು ಹಣಕಾಸು ವರ್ಷದಲ್ಲಿ ಎಫ್ ಆ್ಯಂಡ್ ಓ (ಫ್ಯೂಚರ್ಸ್, ಆಪ್ಷನ್ಸ್ ವಹಿವಾಟು) ಮಾಡಿದ ಬಿಡಿ ಹೂಡಿಕೆದಾರರಲ್ಲಿ 93 ಪರ್ಸೆಂಟ್ ಜನ ಕಳೆದುಕೊಂಡಿದ್ದಾರೆ ಅಂತ ಷೇರುಪೇಟೆಯ ನಿಯಂತ್ರಕ ಸೆಬಿಯೇ ಹೇಳಿದೆ. ಉಳಿದ ಏಳರಲ್ಲಿ ನೀವಿದ್ದೀರಿ ಅಂತ ನಿಮಗೆ ಅನ್ನಿಸಿದರೆ ನನ್ನ ತಕರಾರಿಲ್ಲ, ನನಗೂ ಹಾಗೇ ಅನ್ನಿಸಿತ್ತು.

ಈಗ ಕೈಯಲ್ಲಿರುವುದನ್ನು ಏನು ಮಾಡುವುದು? ಕೊಂಡ ಬೆಲೆ ಮರೆತುಬಿಡಿ. ಈಗ ಖಾತೆಯಲ್ಲಿ ಬರೀ ದುಡ್ಡಿದ್ದರೆ, ಈ ಕಾಲನ್ನು ಇವತ್ತಿನ ಬೆಲೆಗೆ ಹೊಸದಾಗಿ ಕೊಳ್ಳುತ್ತಿದ್ದಿರಾ? ಇಲ್ಲ ಅಂದರೆ ಇವತ್ತೇ ಮಾರಿ. ಮಾರುವಾಗ ಮಾರ್ಕೆಟ್ ಆರ್ಡರ್ (ಸಿಕ್ಕ ಬೆಲೆಗೆ ಮಾರುವ ಆರ್ಡರ್) ಹಾಕಬೇಡಿ. ಷೇರಿನ ಆಪ್ಷನ್ನುಗಳಲ್ಲಿ ಕೊಳ್ಳುವವರ ಬೆಲೆಗೂ ಮಾರುವವರ ಬೆಲೆಗೂ ಎಷ್ಟೋ ಸಲ ದೊಡ್ಡ ಅಂತರ ಇರುತ್ತದೆ, ನಡುವಿನ ಒಂದು ಬೆಲೆ ಗೊತ್ತು ಮಾಡಿ ಲಿಮಿಟ್ ಆರ್ಡರ್ ಹಾಕಿ ಕಾಯಿರಿ. ಇಟ್ಟುಕೊಳ್ಳುತ್ತೇನೆ ಅನ್ನುವುದಾದರೆ ಇದೊಂದು ತಿಳಿದಿರಲಿ: ಎಕ್ಸ್‌ಪೈರಿ ದಿನ ಷೇರು ನಿಮ್ಮ ಸ್ಟ್ರೈಕ್ ದಾಟಿ ನಿಂತರೆ ಲಾಟಿನಷ್ಟೂ ಷೇರನ್ನು ಪೂರ್ತಿ ದುಡ್ಡು ಕೊಟ್ಟು ಬಿಡಿಸಿಕೊಳ್ಳಬೇಕಾಗುತ್ತದೆ. 1040ರ ಸ್ಟ್ರೈಕ್, 500ರ ಲಾಟ್ ಅಂದರೆ 5,20,000 ರೂಪಾಯಿ. ಅದಕ್ಕೇ ಕೊನೆಯ ದಿನಗಳಲ್ಲಿ ಬ್ರೋಕರ್ ಮಾರ್ಜಿನ್ ಕೇಳಲು ಶುರು ಮಾಡುತ್ತಾನೆ. ಆ ಮೆಸೇಜ್ ಬರುವ ಮೊದಲೇ ಹೊರಗೆ ಬನ್ನಿ.